ವ್ಯವಹಾರ ವರದಿ ಮತ್ತು ಪ್ರಸ್ತಾವನೆ

ವ್ಯವಹಾರ ವರದಿ ಮತ್ತು ಪ್ರಸ್ತಾವನೆಗಳು ಸಂಸ್ಥೆ, ಬ್ಯಾಂಕು, ಸಹಕಾರ ಸಂಘ ಅಥವಾ ಸರ್ಕಾರಿ ಇಲಾಖೆಯೊಂದು ನಿರ್ಧಾರ ಕೈಗೊಳ್ಳಲು ಆಧಾರವಾಗುವ ಲಿಖಿತ ದಾಖಲೆಗಳಾಗಿವೆ. ವರದಿಯು ನಡೆದುದನ್ನು ಅಥವಾ ಇರುವ ಸ್ಥಿತಿಯನ್ನು ಪರಿಶೀಲಿಸಿ ತಿಳಿಸುತ್ತದೆ. ಪ್ರಸ್ತಾವನೆಯು ಮುಂದೆ ಆಗಬೇಕಾದುದನ್ನು ಸೂಚಿಸಿ ಅದಕ್ಕೆ ಒಪ್ಪಿಗೆ, ಹಣ ಅಥವಾ ಅನುಮತಿಯನ್ನು ಕೋರುತ್ತದೆ. ಇವೆರಡೂ ಕೂಡಿದ ರೂಪಕ್ಕೆ ಯೋಜನಾ ವರದಿ ಎಂದೂ, ಅದರ ಪೂರ್ಣ ರೂಪಕ್ಕೆ ವಿಸ್ತೃತ ಯೋಜನಾ ವರದಿ ಅಥವಾ ಡಿಪಿಆರ್ ಎಂದೂ ಹೆಸರಿದೆ. ಇಂತಹ ದಾಖಲೆಯ ಮನವೊಲಿಸುವ ಶಕ್ತಿಯು ಮುಖ್ಯವಾಗಿ ಅದರ ಹೇಳಿಕೆಗಳನ್ನು ಓದುಗರು ಸ್ವತಃ ಪರೀಕ್ಷಿಸಿ ನೋಡಬಹುದೇ ಎಂಬುದನ್ನು ಅವಲಂಬಿಸಿದೆ. ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ತಾಲೂಕುಗಳಲ್ಲಿ ಬೇಡ್ತಿ ಜಲವಿದ್ಯುತ್ ಯೋಜನೆ, ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗ ಹಾಗೂ ಶಿರಸಿ ಸುಪಾರಿಯ ಭೌಗೋಳಿಕ ಸೂಚಕ ಅರ್ಜಿ ಇದಕ್ಕೆ ಗಮನಾರ್ಹ ನಿದರ್ಶನಗಳಾಗಿವೆ.

ಹೆಸರು ಮತ್ತು ವ್ಯಾಪ್ತಿ

ಕನ್ನಡದಲ್ಲಿ 'ಪ್ರಸ್ತಾವನೆ' ಎಂಬ ಪದಕ್ಕೆ ಗ್ರಂಥದ ಪೀಠಿಕೆ ಎಂಬ ಅರ್ಥವೂ ಇದೆ. ಆಡಳಿತ ಮತ್ತು ವಾಣಿಜ್ಯದ ಬಳಕೆಯಲ್ಲಿ ಅದು ಒಪ್ಪಿಗೆಗಾಗಿ ಮುಂದಿಡುವ ಸಲಹೆಯನ್ನು ಸೂಚಿಸುತ್ತದೆ. ಇದೇ ಅರ್ಥದಲ್ಲಿ 'ಪ್ರಸ್ತಾವ' ಎಂಬ ರೂಪವೂ ರೂಢಿಯಲ್ಲಿದೆ. ಬ್ಯಾಂಕು ಸಾಲದ ಸಂದರ್ಭದಲ್ಲಿ ಜನರು ಮಾತಿನಲ್ಲಿ 'ಪ್ರಾಜೆಕ್ಟ್ ರಿಪೋರ್ಟ್' ಎಂದೇ ಹೇಳುತ್ತಾರೆ. ಬಳಕೆಯಲ್ಲಿರುವ ಮುಖ್ಯ ಪ್ರಕಾರಗಳು ಇವು:

* ವಾರ್ಷಿಕ ವರದಿ: ಒಂದು ಆರ್ಥಿಕ ವರ್ಷದ ಕೆಲಸ ಮತ್ತು ಲೆಕ್ಕವನ್ನು ಸದಸ್ಯರ ಅಥವಾ ಷೇರುದಾರರ ಮುಂದಿಡುವುದು.
* ಕಾರ್ಯಸಾಧ್ಯತಾ ವರದಿ: ಯೋಜನೆಯೊಂದು ತಾಂತ್ರಿಕವಾಗಿ ಮತ್ತು ಆರ್ಥಿಕವಾಗಿ ಸಾಧ್ಯವೇ ಎಂಬುದನ್ನು ಪರಿಶೀಲಿಸುವುದು.
* ವಿಸ್ತೃತ ಯೋಜನಾ ವರದಿ: ವಿನ್ಯಾಸ, ಅಂದಾಜು ವೆಚ್ಚ, ಕಾಲಾವಧಿ ಮತ್ತು ಪ್ರತಿಫಲವನ್ನು ವಿವರವಾಗಿ ನೀಡುವುದು.
* ಸಾಲದ ಪ್ರಸ್ತಾವನೆ: ಬ್ಯಾಂಕಿನಿಂದ ಅಥವಾ ಸಹಾಯಧನ ಯೋಜನೆಯಿಂದ ಹಣ ಕೋರುವುದು.
* ಟೆಂಡರ್ ಪ್ರಸ್ತಾವನೆ: ಕೆಲಸ ಅಥವಾ ಸರಕು ಪೂರೈಕೆಗೆ ಪ್ರತಿಯಾಗಿ ದರ ಮತ್ತು ಅರ್ಹತೆಯನ್ನು ತಿಳಿಸುವುದು. ಕರ್ನಾಟಕದ ಸರ್ಕಾರಿ ಖರೀದಿಗೆ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999 ಅನ್ವಯಿಸುತ್ತದೆ.

ಹಿನ್ನೆಲೆ

ಉತ್ತರ ಕನ್ನಡದ ಘಟ್ಟದ ಮೇಲಿನ ಪ್ರದೇಶವನ್ನು ಕುರಿತ ಹಳೆಯ ಅಧಿಕೃತ ವರದಿಗಳಲ್ಲಿ ಫ್ರಾನ್ಸಿಸ್ ಬುಕಾನನ್‌ನದು ಪ್ರಸಿದ್ಧವಾಗಿದೆ. ಗವರ್ನರ್ ಜನರಲ್ ವೆಲ್ಲೆಸ್ಲಿಯ ಆದೇಶದಂತೆ ಆತ 1800–01ರಲ್ಲಿ ಮೈಸೂರು, ಕೆನರಾ ಮತ್ತು ಮಲಬಾರ್ ಪ್ರಾಂತಗಳಲ್ಲಿ ಸಂಚರಿಸಿ ಬೇಸಾಯ, ತೋಟ, ವ್ಯಾಪಾರ ಹಾಗೂ ಕಂದಾಯದ ವಿವರಗಳನ್ನು ದಾಖಲಿಸಿದನು. ಅದು 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಲ್ಲಿ ಪ್ರಕಟವಾಯಿತು. ಏನನ್ನು ವಿಚಾರಿಸಬೇಕೆಂಬುದನ್ನು ಮೊದಲೇ ಸೂಚಿಸಿ ಬರೆಯಿಸಿದ ವರದಿ ಅದಾಗಿತ್ತು.

ವರದಿಯ ಓದುಗರಾಗಿ ಜನಸಾಮಾನ್ಯರು ಬಂದದ್ದು ಸಹಕಾರ ಚಳವಳಿಯೊಂದಿಗೆ. ಈಗಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಹಕಾರ ಸಂಘ ಸ್ಥಾಪನೆಯಾಯಿತು. ಶಿರಸಿಯಲ್ಲಿ ಅಡಿಕೆ ಬೆಳೆಗಾರರ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿಯು (ಟಿಎಸ್‌ಎಸ್) 1923ರಲ್ಲಿ ಆರಂಭವಾಯಿತು. ಇಂತಹ ಸಂಘಗಳ ಆಡಳಿತ ಮಂಡಳಿಯು ಜಮಾ-ಖರ್ಚು, ಲಾಭ-ಹಾನಿ ಪತ್ರಿಕೆ ಮತ್ತು ಅಢಾವೆ ಪತ್ರಿಕೆಗಳನ್ನೊಳಗೊಂಡ ವಾರ್ಷಿಕ ವರದಿಯನ್ನು ಸರ್ವಸಾಧಾರಣ ಸಭೆಯ ಮುಂದಿಡುತ್ತದೆ. ಅಲ್ಲಿ ಓದುಗರೇ ಸಂಘದ ಒಡೆಯರಾಗಿರುವುದರಿಂದ, ವರದಿಯ ಪ್ರತಿಯೊಂದು ಅಂಕಿಯೂ ಸಭೆಯಲ್ಲಿ ಪ್ರಶ್ನೆಗೆ ಒಳಗಾಗಬಹುದಾಗಿದೆ.

ಓದುಗರು ಮತ್ತು ಉದ್ದೇಶ

ಒಂದೇ ಯೋಜನೆಯನ್ನು ಬೇರೆ ಬೇರೆ ಓದುಗರು ಬೇರೆ ಬೇರೆ ಪ್ರಶ್ನೆಯಿಂದ ಓದುತ್ತಾರೆ. ಯಲ್ಲಾಪುರದಲ್ಲಿ ಹಲಸಿನ ಹಪ್ಪಳದ ಘಟಕ ಸ್ಥಾಪಿಸುವ ಪ್ರಸ್ತಾವನೆಯನ್ನು ಓದುವ ಬ್ಯಾಂಕಿನ ವ್ಯವಸ್ಥಾಪಕರಿಗೆ ಸಾಲ ಮರಳಿ ಬರುವುದೇ ಎಂಬುದು ಮುಖ್ಯ. ಸಹಾಯಧನ ನೀಡುವ ಇಲಾಖೆಯು ಅರ್ಜಿದಾರರು ನಿಯಮದಂತೆ ಅರ್ಹರೇ ಎಂಬುದನ್ನು ನೋಡುತ್ತದೆ. ಸಹಕಾರ ಸಂಘವು ಪಾಲು ಹಾಕುವುದಾದರೆ ಅದರ ಸದಸ್ಯರು ತಮ್ಮ ಹಲಸಿಗೆ ದೊರೆಯುವ ದರವನ್ನು ಕೇಳುತ್ತಾರೆ. ಆದ್ದರಿಂದ ಬರವಣಿಗೆಯ ಮೊದಲ ಹಂತವೆಂದರೆ ಯಾರು, ಯಾವ ನಿರ್ಧಾರಕ್ಕಾಗಿ ಇದನ್ನು ಓದುತ್ತಾರೆ ಎಂಬುದನ್ನು ಗುರುತಿಸುವುದು.

ರಚನೆ

ವರದಿ ಮತ್ತು ಪ್ರಸ್ತಾವನೆಗಳಲ್ಲಿ ಸಾಮಾನ್ಯವಾಗಿ ಈ ಭಾಗಗಳಿರುತ್ತವೆ:

* ಸಾರಾಂಶ: ಕೋರಿಕೆ, ಮೊತ್ತ, ಮುಖ್ಯ ಕಾರಣ ಮತ್ತು ನಿರೀಕ್ಷಿತ ಫಲ. ಇದನ್ನು ಕೊನೆಯಲ್ಲಿ ಬರೆದು ಮೊದಲಲ್ಲಿ ಇಡಲಾಗುತ್ತದೆ.
* ಸಮಸ್ಯೆ ಅಥವಾ ಅಗತ್ಯದ ನಿರೂಪಣೆ.
* ಪರಿಶೀಲಿಸಿದ ಪರ್ಯಾಯಗಳು ಮತ್ತು ಅವುಗಳನ್ನು ಬಿಡಲು ಕಾರಣ.
* ಕಾರ್ಯಯೋಜನೆ: ಯಾರು, ಏನನ್ನು, ಯಾವಾಗ ಮಾಡುತ್ತಾರೆ.
* ವೆಚ್ಚ, ಹಣದ ಮೂಲ ಮತ್ತು ಪ್ರತಿಫಲ.
* ಅಪಾಯಗಳು ಮತ್ತು ಅವುಗಳಿಗೆ ಪರಿಹಾರ.
* ಅನುಬಂಧಗಳು: ನಕ್ಷೆ, ದರಪಟ್ಟಿ, ಪಹಣಿ, ಪರವಾನಗಿಗಳ ಪ್ರತಿ.

ಇವುಗಳಲ್ಲಿ ಪರ್ಯಾಯ ಮತ್ತು ಅಪಾಯದ ಭಾಗಗಳನ್ನು ಬರೆಯುವವರು ಕೈಬಿಡುವುದು ಸಾಮಾನ್ಯ. ಪ್ರತಿಕೂಲ ಅಂಶವನ್ನು ಹೇಳಿದರೆ ಪ್ರಸ್ತಾವನೆ ದುರ್ಬಲವಾಗುತ್ತದೆ ಎಂಬ ಭಾವನೆ ಇದಕ್ಕೆ ಕಾರಣ. ಆದರೆ ಪರಿಣತ ಓದುಗರಿಗೆ ಆ ಅಂಶ ಹೇಗೂ ಹೊಳೆಯುತ್ತದೆ. ಅದಕ್ಕೆ ಉತ್ತರವಿಲ್ಲದಿದ್ದರೆ ಉಳಿದ ಭಾಗದ ಮೇಲಿನ ನಂಬಿಕೆಯೂ ಕುಗ್ಗುತ್ತದೆ. ಉದಾಹರಣೆಗೆ, ಯಲ್ಲಾಪುರದಿಂದ ಅಂಕೋಲಾಕ್ಕೆ ಇಳಿಯುವ ಹೆದ್ದಾರಿಯು ಅರಬೈಲ್ ಘಟ್ಟದ ಮೂಲಕ ಸಾಗುತ್ತದೆ. 2021ರ ಜುಲೈ ತಿಂಗಳ ಭಾರಿ ಮಳೆಗೆ ಅಲ್ಲಿ ಭೂಕುಸಿತ ಉಂಟಾಗಿ ಸಂಚಾರ ಸ್ಥಗಿತಗೊಂಡಿತ್ತು. ಕರಾವಳಿಯ ಮಾರುಕಟ್ಟೆಯನ್ನು ನಂಬಿದ ಘಟಕವೊಂದರ ಪ್ರಸ್ತಾವನೆಯಲ್ಲಿ ಮಳೆಗಾಲದ ಸಾಗಣೆಗೆ ಬದಲಿ ದಾರಿ ಯಾವುದು, ಅದರಿಂದ ಹೆಚ್ಚುವ ಬಾಡಿಗೆ ಎಷ್ಟು ಎಂಬ ವಿವರವಿದ್ದರೆ ಅದು ಸ್ಥಳವನ್ನು ಬಲ್ಲವರು ಬರೆದದ್ದೆಂದು ಓದುಗರಿಗೆ ತಿಳಿಯುತ್ತದೆ.

ಅಂಕಿ-ಅಂಶಗಳು

ಅಂಕಿಯೊಂದಕ್ಕೆ ಮಾನ, ಕಾಲ, ಸ್ಥಳ ಮತ್ತು ಮೂಲ ಎಂಬ ನಾಲ್ಕು ವಿವರಗಳಿದ್ದಾಗ ಮಾತ್ರ ಅದು ಪರೀಕ್ಷೆಗೆ ಒದಗುತ್ತದೆ. ಶಿರಸಿ ಮತ್ತು ಯಲ್ಲಾಪುರದ ಮಾರುಕಟ್ಟೆಗಳಲ್ಲಿ ಅಡಿಕೆಯು ರಾಶಿ, ಚಾಲಿ, ತಟ್ಟಿಬೆಟ್ಟೆ, ಕೆಂಪುಗೋಟು, ಬಿಳೆಗೋಟು ಮೊದಲಾದ ವರ್ಗಗಳಲ್ಲಿ ಮಾರಾಟವಾಗುತ್ತದೆ ಮತ್ತು ಪ್ರತಿಯೊಂದಕ್ಕೂ ಬೇರೆ ದರವಿರುತ್ತದೆ. ಹೀಗಿರುವಾಗ 'ಅಡಿಕೆಯ ಸರಾಸರಿ ದರ' ಎಂಬ ಒಂದೇ ಅಂಕಿಯಿಂದ ವರಮಾನವನ್ನು ಲೆಕ್ಕ ಹಾಕಿದ ವರದಿಯು ಸ್ಥಳೀಯ ಓದುಗರಿಗೆ ಒಪ್ಪಿತವಾಗದು. ವರ್ಗ, ತಿಂಗಳು, ಮಾರುಕಟ್ಟೆ ಹಾಗೂ ಕ್ವಿಂಟಲ್ ಲೆಕ್ಕ ಇವುಗಳನ್ನು ಸ್ಪಷ್ಟಪಡಿಸುವುದು ಅಗತ್ಯ. ಎಕರೆ, ಗುಂಟೆ ಮತ್ತು ಹೆಕ್ಟೇರ್‌ಗಳನ್ನು ಒಂದೇ ಕೋಷ್ಟಕದಲ್ಲಿ ಬೆರೆಸುವುದೂ ಇಂತಹದೇ ದೋಷ. ಒಂದು ಎಕರೆಗೆ 40 ಗುಂಟೆ. ಒಂದು ಹೆಕ್ಟೇರ್‌ಗೆ ಸುಮಾರು 2.47 ಎಕರೆ.

ಸಾಲದ ಪ್ರಸ್ತಾವನೆಗಳಲ್ಲಿ ಬ್ಯಾಂಕುಗಳು ಗಮನಿಸುವ ಒಂದು ಮುಖ್ಯ ಅಳತೆ ಸಾಲ ತೀರಿಕೆ ಸಾಮರ್ಥ್ಯದ ಅನುಪಾತ. ವರ್ಷದ ನಿವ್ವಳ ಲಾಭ, ಸವಕಳಿ ಮತ್ತು ಬಡ್ಡಿಯ ಮೊತ್ತವನ್ನು ಅದೇ ವರ್ಷ ಕಟ್ಟಬೇಕಾದ ಅಸಲು ಮತ್ತು ಬಡ್ಡಿಯ ಮೊತ್ತದಿಂದ ಭಾಗಿಸಿದರೆ ಇದು ದೊರೆಯುತ್ತದೆ. ಒಂದು ಕಾಲ್ಪನಿಕ ಘಟಕದ ನಿವ್ವಳ ಲಾಭ 1.8 ಲಕ್ಷ ರೂ., ಸವಕಳಿ 0.9 ಲಕ್ಷ ರೂ. ಮತ್ತು ಬಡ್ಡಿ 0.9 ಲಕ್ಷ ರೂ. ಇದ್ದರೆ ಒಟ್ಟು 3.6 ಲಕ್ಷ ರೂ. ಆಗುತ್ತದೆ. ಆ ವರ್ಷದ ಅಸಲಿನ ಕಂತು 1.5 ಲಕ್ಷ ರೂ. ಇದ್ದರೆ ಬಡ್ಡಿ ಸೇರಿ ಕಟ್ಟಬೇಕಾದುದು 2.4 ಲಕ್ಷ ರೂ. ಅನುಪಾತವು 1.5. ಗಳಿಕೆಯು 1.2 ಲಕ್ಷ ರೂ. ಕುಸಿದರೆ ಅನುಪಾತ 1ಕ್ಕೆ ಇಳಿಯುತ್ತದೆ. ಅದಕ್ಕಿಂತ ಕೆಳಗಿಳಿದರೆ ಘಟಕದ ಗಳಿಕೆಯಿಂದ ಕಂತು ತೀರದು. ಎಷ್ಟು ಕುಸಿತವನ್ನು ಘಟಕವು ತಾಳಿಕೊಳ್ಳಬಲ್ಲದು ಎಂಬುದನ್ನು ಪ್ರಸ್ತಾವನೆಯೇ ತೋರಿಸಿದರೆ ಓದುಗರ ಕೆಲಸ ಸುಲಭವಾಗುತ್ತದೆ.

2020ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಯೋಜನೆಯಲ್ಲಿ ವೈಯಕ್ತಿಕ ಘಟಕಗಳಿಗೆ ಯೋಜನಾ ವೆಚ್ಚದ ಶೇ 35ರಷ್ಟು, ಗರಿಷ್ಠ 10 ಲಕ್ಷ ರೂ. ಸಾಲಸಂಬಂಧಿತ ಸಹಾಯಧನವನ್ನು ನಿಗದಿಪಡಿಸಲಾಗಿತ್ತು ಮತ್ತು ಯೋಜನಾ ವರದಿ ಸಿದ್ಧಪಡಿಸಲು ನೆರವಾಗುವ ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳ ವ್ಯವಸ್ಥೆಯೂ ಇತ್ತು.

ಭಾಷೆ

ಕಚೇರಿ ಕನ್ನಡದಲ್ಲಿ ಕರ್ಮಣಿ ಪ್ರಯೋಗವು ಬಹಳ ಬಳಕೆಯಲ್ಲಿದೆ. 'ಸದರಿ ವಿಷಯದಲ್ಲಿ ಸೂಕ್ತ ಕ್ರಮ ಕೈಗೊಳ್ಳಲಾಗುವುದು' ಎಂಬ ವಾಕ್ಯದಲ್ಲಿ ಯಾರು, ಯಾವ ಕ್ರಮವನ್ನು, ಯಾವ ದಿನದೊಳಗೆ ಎಂಬ ಮೂರೂ ಮರೆಯಾಗುತ್ತವೆ. 'ಸಂಘದ ಕಾರ್ಯದರ್ಶಿಯವರು ಮಾರ್ಚ್ 31ರೊಳಗೆ ಗೋದಾಮಿನ ಮಾಡನ್ನು ದುರಸ್ತಿ ಮಾಡಿಸುವರು' ಎಂಬ ವಾಕ್ಯವು ಹೊಣೆಯನ್ನು ಗುರುತಿಸುತ್ತದೆ. ಹಾಗೆಯೇ 'ಗಣನೀಯ', 'ಅಪಾರ', 'ಅತ್ಯುತ್ತಮ' ಮುಂತಾದ ವಿಶೇಷಣಗಳಿಗಿಂತ ಅಳತೆಯು ಹೆಚ್ಚು ಪರಿಣಾಮಕಾರಿ. ಪಾರಿಭಾಷಿಕ ಪದಕ್ಕೆ ಕನ್ನಡ ರೂಪ ಅಪರಿಚಿತವಾಗಿದ್ದಲ್ಲಿ ಜನರು ಬಳಸುವ ಪದವನ್ನೇ ಉಳಿಸಿಕೊಂಡು ಮೊದಲ ಬಳಕೆಯಲ್ಲಿ ಅರ್ಥವನ್ನು ವಿವರಿಸುವುದು ರೂಢಿ.

ಉತ್ತರ ಕನ್ನಡದ ನಿದರ್ಶನಗಳು

ಬೇಡ್ತಿ ಜಲವಿದ್ಯುತ್ ಯೋಜನೆ

ಯಲ್ಲಾಪುರದ ಸಮೀಪ ಮಾಗೋಡಿನಲ್ಲಿ ಜಲಪಾತವಾಗಿ ಧುಮುಕುವ ಬೇಡ್ತಿ ನದಿಯು ಕೆಳಗೆ ಗಂಗಾವಳಿ ಎಂಬ ಹೆಸರಿನಿಂದ ಸಮುದ್ರ ಸೇರುತ್ತದೆ. 1970ರ ದಶಕದ ಕೊನೆಯಲ್ಲಿ ಈ ನದಿಗೆ ಅಣೆಕಟ್ಟು ಕಟ್ಟಿ ವಿದ್ಯುತ್ ಉತ್ಪಾದಿಸುವ ಯೋಜನೆಯು ರೂಪುಗೊಂಡಾಗ, ಕಣಿವೆಯ ಅಡಿಕೆ ಹಾಗೂ ಸಂಬಾರ ಬೆಳೆಯ ತೋಟಗಳು ಮತ್ತು ಅರಣ್ಯ ಮುಳುಗಡೆಯಾಗುವ ಸ್ಥಿತಿ ಉಂಟಾಯಿತು. ತೋಟಗಾರರು ಪ್ರತಿಭಟನೆಗೆ ಮಾತ್ರ ಸೀಮಿತರಾಗದೆ ಯೋಜನೆಯ ತಾಂತ್ರಿಕ ಮತ್ತು ಆರ್ಥಿಕ ಲೆಕ್ಕಗಳ ಮರುಪರಿಶೀಲನೆಗೆ ಮುಂದಾದರು. ಟಿಎಸ್‌ಎಸ್ ಸಂಸ್ಥೆಯ ಆಶ್ರಯದಲ್ಲಿ 1981ರ ಜನವರಿಯಲ್ಲಿ ಶಿರಸಿಯಲ್ಲಿ ವಿಚಾರ ಸಂಕಿರಣ ನಡೆಯಿತು. ಅದರ ಪ್ರಬಂಧಗಳು 'ಮೇಜರ್ ಡ್ಯಾಮ್ಸ್: ಎ ಸೆಕೆಂಡ್ ಲುಕ್' ಎಂಬ ಹೆಸರಿನಲ್ಲಿ ಅದೇ ವರ್ಷ ಗಾಂಧಿ ಶಾಂತಿ ಪ್ರತಿಷ್ಠಾನದಿಂದ ಪ್ರಕಟವಾದವು. ಮುಳುಗುವ ಕಾಡು ಮತ್ತು ತೋಟಗಳ ಮೌಲ್ಯವನ್ನೂ ಯೋಜನೆಯ ವೆಚ್ಚವಾಗಿ ಎಣಿಸಿದಾಗ ಲಾಭ ಉಳಿಯುವುದೇ ಎಂಬುದು ಚರ್ಚೆಯ ತಿರುಳಾಗಿತ್ತು. ಮುಂದೆ ಯೋಜನೆಯನ್ನು ಕೈಬಿಡಲಾಯಿತು. ಯೋಜನಾ ವರದಿಯೊಂದಕ್ಕೆ ಅದರದೇ ಭಾಷೆಯಾದ ವೆಚ್ಚ-ಲಾಭದ ಲೆಕ್ಕದಲ್ಲಿ ಬೆಳೆಗಾರರ ಸಹಕಾರ ಸಂಘವೊಂದು ಉತ್ತರ ನೀಡಿದ ಪ್ರಸಂಗವಾಗಿ ಇದು ಗಮನಾರ್ಹ.

ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗ

ಬಯಲುಸೀಮೆಯನ್ನು ಕರಾವಳಿಯೊಂದಿಗೆ ಜೋಡಿಸುವ ಈ ಮಾರ್ಗವು ಯಲ್ಲಾಪುರ ತಾಲೂಕಿನ ಮೂಲಕ ಪಶ್ಚಿಮ ಘಟ್ಟವನ್ನು ಇಳಿಯಬೇಕಾಗಿದೆ. 1990ರ ದಶಕದ ಕೊನೆಯಿಂದ ಚರ್ಚೆಯಲ್ಲಿರುವ ಯೋಜನೆಯ ಅರಣ್ಯ ಭೂಮಿಯ ಬೇಡಿಕೆಯನ್ನು ಹಂತ ಹಂತವಾಗಿ ಕಡಿಮೆ ಮಾಡಿ ಪರಿಷ್ಕರಿಸಲಾಯಿತು. 2020ರಲ್ಲಿ ರಾಜ್ಯ ವನ್ಯಜೀವಿ ಮಂಡಳಿಯ ಮುಂದೆ ಬಂದ ಪ್ರಸ್ತಾವನೆಯಲ್ಲಿ ಅದು 595.64 ಹೆಕ್ಟೇರ್ ಆಗಿತ್ತು. ಮಂಡಳಿಯು ಆ ವರ್ಷದ ಮಾರ್ಚ್‌ನಲ್ಲಿ ಒಪ್ಪಿಗೆ ನೀಡಿತು. ಜೂನ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದಕ್ಕೆ ತಡೆ ನೀಡಿತು. ಬೆಂಬಲಿಗರು ಸರಕು ಸಾಗಣೆ ಮತ್ತು ಸಂಪರ್ಕದ ಲಾಭವನ್ನು ಮುಂದಿಟ್ಟರೆ, ವಿರೋಧಿಗಳು ಘಟ್ಟದ ಅರಣ್ಯ ಮತ್ತು ವನ್ಯಜೀವಿಗಳಿಗೆ ಆಗುವ ಹಾನಿಯನ್ನು ಎತ್ತಿಹಿಡಿದರು. ರೈಲ್ವೆಯು ಸಂಚಾರ ಮತ್ತು ಪ್ರತಿಫಲವನ್ನು, ಅರಣ್ಯ ಸಮಿತಿಗಳು ಪರ್ಯಾಯ ಮಾರ್ಗ ಮತ್ತು ಕನಿಷ್ಠ ಭೂಬಳಕೆಯನ್ನು, ನ್ಯಾಯಾಲಯವು ಕಾನೂನಿನ ಪಾಲನೆಯನ್ನು ನೋಡುವುದರಿಂದ, ಒಬ್ಬ ಓದುಗರಿಗೆ ಸಾಕಾದ ಉತ್ತರವು ಇನ್ನೊಬ್ಬರಿಗೆ ಸಾಲುವುದಿಲ್ಲ ಎಂಬುದಕ್ಕೆ ಇದು ಉದಾಹರಣೆ.

ಶಿರಸಿ ಸುಪಾರಿಯ ಭೌಗೋಳಿಕ ಸೂಚಕ

ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ತಾಲೂಕುಗಳಲ್ಲಿ ಬೆಳೆಯುವ 'ಶಿರಸಿ ಸುಪಾರಿ'ಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಟಿಎಸ್‌ಎಸ್ ಸಂಸ್ಥೆಯು ಅರ್ಜಿದಾರನಾಗಿತ್ತು. ಸರಕುಗಳ ಭೌಗೋಳಿಕ ಸೂಚಕಗಳ ಅಧಿನಿಯಮ, 1999ರ ಪ್ರಕಾರ ಅರ್ಜಿಯಲ್ಲಿ ಸರಕಿನ ವಿವರಣೆ, ಬೆಳೆಯುವ ಪ್ರದೇಶದ ನಕ್ಷೆ, ಮೂಲದ ಪುರಾವೆ, ಉತ್ಪಾದನಾ ವಿಧಾನ, ವಿಶಿಷ್ಟತೆ ಹಾಗೂ ಗುಣಮಟ್ಟ ಪರಿಶೀಲನೆಯ ವ್ಯವಸ್ಥೆಯನ್ನು ತಿಳಿಸಬೇಕಾಗುತ್ತದೆ. ಪರಿಶೀಲನೆಯ ಬಳಿಕ ಅರ್ಜಿಯನ್ನು ಪತ್ರಿಕೆಯಲ್ಲಿ ಪ್ರಕಟಿಸಿ ಆಕ್ಷೇಪಣೆಗೆ ಅವಕಾಶ ನೀಡಲಾಗುತ್ತದೆ. ನೋಂದಣಿಯು ಹತ್ತು ವರ್ಷಗಳ ಅವಧಿಯದಾಗಿದ್ದು ನವೀಕರಿಸಬಹುದಾಗಿದೆ. 'ನಮ್ಮ ಅಡಿಕೆ ಶ್ರೇಷ್ಠ' ಎಂಬ ಹೇಳಿಕೆ ಇಲ್ಲಿ ಸಾಲದು. ಮಧ್ಯಮ ಗಾತ್ರ, ದುಂಡಗೆ ನಾಣ್ಯದಂತೆ ಚಪ್ಪಟೆಯಾದ ಆಕಾರ, ಗಟ್ಟಿಯಾದ ಬೀಜ, ಕಹಿ-ಸಿಹಿ ಬೆರೆತ ರುಚಿ ಎಂಬಂತೆ ಗುರುತಿಸಬಹುದಾದ ಲಕ್ಷಣಗಳ ಮೂಲಕವೇ ಸರಕನ್ನು ನಿರೂಪಿಸಬೇಕಾಗುತ್ತದೆ.

ಸಾಮಾನ್ಯ ದೋಷಗಳು

* ಕೋರಿಕೆಯನ್ನು ಕೊನೆಯ ಪುಟದವರೆಗೆ ಹೇಳದಿರುವುದು.
* ಬೇರೆ ಊರಿನ ಮಾದರಿ ವರದಿಯನ್ನು ನಕಲಿಸಿ ಹೆಸರನ್ನು ಮಾತ್ರ ಬದಲಿಸುವುದು.
* ಸಾರಾಂಶದ ಮೊತ್ತ ಮತ್ತು ಕೋಷ್ಟಕದ ಮೊತ್ತ ಹೊಂದದಿರುವುದು.
* ಲಾಭವನ್ನು ಅಂಕಿಯಲ್ಲಿಯೂ ನಷ್ಟವನ್ನು ಮಾತಿನಲ್ಲಿಯೂ ಹೇಳುವುದು.
* ಯೋಜನೆಯಿಂದ ಬಾಧಿತರಾಗುವವರ ವೆಚ್ಚವನ್ನು ಲೆಕ್ಕದಿಂದ ಹೊರಗಿಡುವುದು.

ಇವನ್ನೂ ನೋಡಿ

* ಉತ್ತರ ಕನ್ನಡ
* ಅರಬೈಲ್ ಘಟ್ಟ
* ಬೇಡ್ತಿ ನದಿ
* ಭೌಗೋಳಿಕ ಸೂಚಕ
* ಸಹಕಾರ ಸಂಘ