ತೋಳಿನ ಮೇಲಿನ ಲಂಗರು

ಶಾಸನವೊಂದು ಕೈಗೆ ಬಂದಾಗ ಪಳಗಿದ ಓದುಗನು ಮೊದಲು ನೋಡುವುದು ಅದರಲ್ಲಿರುವ ಬಿರುದಾವಳಿಯನ್ನಲ್ಲ, ಅಕ್ಷರದ ಮಾಟವನ್ನು. ಬಿರುದುಗಳು ಕೆತ್ತಿಸಿದವನ ಇಚ್ಛೆಗೆ ತಕ್ಕಂತೆ ಬೆಳೆಯುತ್ತವೆ. ಲಿಪಿಗೆ ಅಂಥ ದಾಕ್ಷಿಣ್ಯವಿಲ್ಲ, ಅದು ತನ್ನ ಕಾಲವನ್ನು ತಾನೇ ಹೇಳಿಬಿಡುತ್ತದೆ. ಮನೆಯ ಪೆಟ್ಟಿಗೆಯಲ್ಲಿ ಮಾಸಿ ಕುಳಿತ ಛಾಯಾಚಿತ್ರಗಳಿಗೂ ಈ ಮಾತು ಸಲ್ಲುತ್ತದೆಂಬುದನ್ನು, ಅದರಲ್ಲಿಯೂ ಸಮವಸ್ತ್ರ ತೊಟ್ಟವರ ಪಟಗಳಿಗೆ ಹೆಚ್ಚಾಗಿ ಸಲ್ಲುತ್ತದೆಂಬುದನ್ನು, ಒಂದು ಉದಾಹರಣೆಯ ಮೂಲಕ ತಮ್ಮ ಮುಂದಿಡಬಯಸುತ್ತೇನೆ.

ಉತ್ತರ ಕನ್ನಡದ ಕರಾವಳಿಯ ನಮ್ಮ ಮನೆತನದವರು ವಂಶಾವಳಿಯೊಂದನ್ನು ಅಚ್ಚು ಹಾಕಿಸಲು ಹೊರಟು, ಕನ್ನಡ ಎಂ.ಎ. ಮಾಡಿ ಪಾಠ ಹೇಳಿದವನೆಂಬ ಕಾರಣಕ್ಕೆ ಅದನ್ನು ತಿದ್ದುವ ಕೆಲಸವನ್ನು ನನಗೆ ವಹಿಸಿದರು. ಅದರಲ್ಲಿ ನನ್ನ ಅಜ್ಜನ ತಮ್ಮ, ನಾವೆಲ್ಲ ಸಣ್ಣಜ್ಜ ಎಂದು ಕರೆಯುತ್ತಿದ್ದವರು, 'ತಲ್ವಾರ್ ಎಂಬ ಯುದ್ಧನೌಕೆಯ ಕ್ಯಾಪ್ಟನ್' ಎಂದಿತ್ತು. ಅವರು 1942ರಲ್ಲಿ ಮುಂಬಯಿಗೆ ಹೋಗಿ ನೌಕಾದಳ ಸೇರಿದ್ದು, 1946ರ ಮಳೆಗಾಲಕ್ಕೆ ಮೊದಲು ಊರಿಗೆ ಮರಳಿದ್ದು ಇಷ್ಟು ನಿಶ್ಚಿತ. ಸಮುದ್ರದ ಮಾತನ್ನು ಅವರು ಎತ್ತುತ್ತಿರಲಿಲ್ಲ. ಉಳಿದಿದ್ದುದು ಮೂರು ಪಟಗಳು.

ಮೊದಲನೆಯದು ಸ್ಟುಡಿಯೋದಲ್ಲಿ ತೆಗೆದ ಪಟ. ಚೌಕಾಕಾರದ ದೊಡ್ಡ ಕಾಲರು, ದುಂಡನೆಯ ಟೊಪ್ಪಿಗೆ, ಟೊಪ್ಪಿಗೆಯ ಸುತ್ತ ಕಪ್ಪು ರಿಬ್ಬನ್ನು. ಇಷ್ಟರಿಂದಲೇ ಕ್ಯಾಪ್ಟನ್ ಪದವಿ ಬಿದ್ದುಹೋಗುತ್ತದೆ. ನೌಕಾದಳದ ಅಧಿಕಾರಿಯ ಟೊಪ್ಪಿಗೆಗೆ ಮುಂಚಾಚಿರುತ್ತದೆ. ಕ್ಯಾಪ್ಟನ್ನನ ಮುಂಗೈಯ ತೋಳಿಗೆ ಬಂಗಾರದ ನಾಲ್ಕು ಪಟ್ಟೆಗಳಿರುತ್ತವೆ. ಮಚವೆ ನಡೆಸುವ ತಾಂಡೇಲನನ್ನು ಬಿಟ್ಟರೆ ಬೇರೆ ಹುದ್ದೆಯನ್ನರಿಯದ ನಮ್ಮ ಊರಿನಲ್ಲಿ ಬಿಳಿಯ ಇಸ್ತ್ರಿಯುಡುಪಿನವರೆಲ್ಲ ಕ್ಯಾಪ್ಟನ್ನರೇ ಆಗಿದ್ದುದರಲ್ಲಿ ಆಶ್ಚರ್ಯವಿಲ್ಲ.

ರಿಬ್ಬನ್ನಿನ ಮೇಲೆ ಹಡಗಿನ ಹೆಸರಿರಬೇಕಷ್ಟೆ. ಇಲ್ಲಿ ಇರುವುದು 'ಎಚ್.ಎಂ.ಐ.ಎಸ್.' ಎಂಬ ನಾಲ್ಕೇ ಅಕ್ಷರ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಯಾವ ಹಡಗು ಯಾವ ಬಂದರಿನಲ್ಲಿದೆಯೆಂಬುದು ಶತ್ರುವಿಗೆ ತಿಳಿಯಬಾರದೆಂದು ಟೊಪ್ಪಿಗೆಯಿಂದ ಹೆಸರನ್ನು ತೆಗೆದುಹಾಕಿದ್ದರು. ಹೀಗೆ ಹೆಸರನ್ನು ಮುಚ್ಚಿದ ರಿಬ್ಬನ್ನೇ ಪಟದ ಕಾಲವನ್ನು ತೆರೆದಿಡುತ್ತದೆ. ಇನ್ನೊಂದು ಉಪಕಾರವೂ ಅದರಿಂದುಂಟು. ಹಳೆಯ ಪಟಗಳು ಕೆಲವೊಮ್ಮೆ ಎಡಬಲ ತಿರುವುಮುರುವಾಗಿ ಅಚ್ಚಾಗಿರುತ್ತವೆ. ಆಗ ತೋಳಿನ ಗುರುತುಗಳನ್ನು ಓದುವವನು ದಾರಿ ತಪ್ಪುತ್ತಾನೆ. ಇಲ್ಲಿ ಎಸ್ ಅಕ್ಷರ ಸಾಲಿನ ಕೊನೆಯಲ್ಲಿ ನೆಟ್ಟಗಿರುವುದರಿಂದ ಎಡವು ಎಡವೇ, ಬಲವು ಬಲವೇ.

ಎಡತೋಳಿನಲ್ಲಿ ಹಗ್ಗ ಸುತ್ತಿದ ಒಂದು ಲಂಗರು. ಬ್ರಿಟಿಷ್ ನೌಕಾದಳದಿಂದ ನಮ್ಮ ದಳವು ಎರವಲು ಪಡೆದ ಕ್ರಮದಲ್ಲಿ ಅದು 'ಲೀಡಿಂಗ್' ದರ್ಜೆಯ ಗುರುತು; ಸೈನ್ಯದ ನಾಯಕನಿಗೆ ಹೆಚ್ಚು ಕಡಿಮೆ ಸಮಾನ. ಎರಡು ಲಂಗರುಗಳು ಅಡ್ಡಹಾಯ್ದು ಮೇಲೊಂದು ಕಿರೀಟವಿದ್ದಿದ್ದರೆ ಪೆಟ್ಟಿ ಆಫೀಸರ್ ಎನ್ನಬಹುದಿತ್ತು. ಲಂಗರಿನ ಕೆಳಗೆ ಕೊಕ್ಕೆಯಾಕಾರದ ಒಂದು ಪಟ್ಟಿ: ಮೂರು ವರ್ಷದ ಸನ್ನಡತೆಗೆ ಸಿಕ್ಕುವಂಥದು. ಎರಡನೆಯದು ಎಂಟು ವರ್ಷಕ್ಕೆ, ಮೂರನೆಯದು ಹದಿಮೂರಕ್ಕೆ. 1942ರಲ್ಲಿ ಸೇರಿದವರಿಗೆ 1945ಕ್ಕೆ ಮೊದಲು ಇದು ಸಿಕ್ಕುವಂತಿರಲಿಲ್ಲ. ಬಲತೋಳು ಕಸುಬನ್ನು ಹೇಳುವ ತೋಳು. ಅಲ್ಲಿ ಎರಡು ರೆಕ್ಕೆ, ನಡುವೆ ಮಿಂಚು: ನಿಸ್ತಂತು ಸಂದೇಶ ಕಳುಹುವ ಟೆಲಿಗ್ರಾಫಿಸ್ಟ್. ಹೀಗೆ ಒಂದೊಂದು ತೋಳು ಅರ್ಧರ್ಧ ಹೇಳಿದ್ದನ್ನು ಕೂಡಿಸಿದರೆ ಹುದ್ದೆ ಪೂರ್ತಿಯಾಗುತ್ತದೆ: ಲೀಡಿಂಗ್ ಟೆಲಿಗ್ರಾಫಿಸ್ಟ್.

ಪಟದ ಬೆನ್ನಿಗೆ ಪೆನ್ಸಿಲಿನಲ್ಲಿ 'ತಲ್ವಾರ, ಮುಂಬಯಿ' ಎಂದು ಸಣ್ಣಜ್ಜನ ಕೈಬರಹವಿದೆ. ಬಾಲ್ಯದಲ್ಲಿ ನಾವು ಕತ್ತಿಯಂತೆ ನೀರನ್ನು ಸೀಳುವ ಹಡಗೊಂದನ್ನು ಕಲ್ಪಿಸಿಕೊಂಡಿದ್ದೆವು. ಆದರೆ ತಲ್ವಾರ್ ನೀರನ್ನು ಮುಟ್ಟಿದ್ದೇ ಇಲ್ಲ. ಅದು ಕೊಲಾಬಾದ ನೆಲದ ಮೇಲಿದ್ದ ಕಟ್ಟಡಗಳ ಸಮೂಹ, ನೌಕಾದಳದ ಸಂಕೇತ ಶಾಲೆ. ದಡದ ಮೇಲಿನ ಠಾಣ್ಯಕ್ಕೂ ಹಡಗಿನ ಹೆಸರಿಟ್ಟು, ಅದರ ನೆಲವನ್ನು ಡೆಕ್ಕೆಂದು ಕರೆಯುವುದು ನೌಕಾದಳದವರ ಸಂಪ್ರದಾಯ. ಪೂರ್ವಜರ ಹಡಗನ್ನು ಹುಡುಕುವವರು ಈ ಹೆಸರುಗಳ ಬಗ್ಗೆ ಎಚ್ಚರವಾಗಿರಬೇಕು. ಹಲವರ ಸೇವಾಪುಸ್ತಕದಲ್ಲಿ ಬರುವ ಅರ್ಧದಷ್ಟು 'ಹಡಗು'ಗಳಿಗೆ ತಳಹಲಗೆಯೇ ಇರುವುದಿಲ್ಲ.

ಹಾಗಾದರೆ ಸಣ್ಣಜ್ಜ ಸಮುದ್ರವನ್ನೇ ಕಾಣಲಿಲ್ಲವೆ? ಎದೆಯ ಮೇಲಿನ ಎರಡು ಪದಕಪಟ್ಟಿಗಳು ಹಾಗಲ್ಲವೆನ್ನುತ್ತವೆ. ಒಂದರಲ್ಲಿ ಸಮಾನ ಅಗಲದ ಮೂರು ಪಟ್ಟೆ. ಕಡುನೀಲಿ, ಕೆಂಪು, ತಿಳಿನೀಲಿಯ 1939-45ರ ನಕ್ಷತ್ರಪದಕದ್ದು. ಆ ಕಾಲದ ಕೆಲವು ಫಿಲ್ಮುಗಳಲ್ಲಿ ಕೆಂಪು ಕರಿದಾಗಿಯೂ ನೀಲಿ ಬಿಳಿಚಿಕೊಂಡೂ ಕಾಣುವುದರಿಂದ ಕಪ್ಪುಬಿಳುಪಿನಲ್ಲಿ ಬಣ್ಣ ಓದುವಾಗ ಕಣ್ಣನ್ನು ಪೂರ್ತಿ ನಂಬಬಾರದು. ಪಟ್ಟೆಗಳ ಅಗಲ ಮೋಸ ಮಾಡುವುದಿಲ್ಲ. ಇನ್ನೊಂದು, ನಡುವೆ ಅಗಲವಾದ ಪಟ್ಟೆಯುಳ್ಳ ಬರ್ಮಾ ನಕ್ಷತ್ರ. ನೌಕಾದಳದಲ್ಲಿ ಮೊದಲನೆಯದು ಸಿಕ್ಕಬೇಕಾದರೆ ಸಾಮಾನ್ಯವಾಗಿ ಆರು ತಿಂಗಳು ಯುದ್ಧಕ್ಷೇತ್ರದ ನೀರಿನ ಮೇಲಿರಬೇಕಿತ್ತು. ಕೊಲಾಬಾದ ಶಾಲೆಯಲ್ಲಿ ಕುಳಿತವರಿಗೆ ಅದು ಒಲಿಯುತ್ತಿರಲಿಲ್ಲ.

ಆ ನೀರಿನ ಮೇಲಿನ ಹಡಗನ್ನು ತೋರಿಸಿದ್ದು ಎರಡನೆಯ ಪಟ. ಹತ್ತಾರು ನಾವಿಕರು ಒತ್ತಾಗಿ ನಿಂತಿದ್ದಾರೆ. ಹಿಂದೆ ಹಿತ್ತಾಳೆಯ ಗಂಟೆ. ಹಡಗಿನ ಗಂಟೆಯ ಮೇಲೆ ಹಡಗಿನ ಹೆಸರು ಕೆತ್ತುವುದು ರೂಢಿ. ಯಾರದೋ ತಲೆ ಮೊದಲ ಅರ್ಧವನ್ನು ಮುಚ್ಚಿದೆ. ಕಾಣುವುದು ವಿ, ಬೆಳಕು ಹೊಡೆದು ಅಳಿಸಿದ ಒಂದು ಅಕ್ಷರ, ಆರ್, ಕೊನೆಗೆ ಇನ್ನೊಂದರ ಮೇಲ್ತುದಿ. ತ್ರುಟಿತ ಶಾಸನವೇ ಸರಿ! ಆಗಿನ ಭಾರತೀಯ ಯುದ್ಧನೌಕೆಗಳಲ್ಲಿ ಈ ಪಾಠಕ್ಕೆ ಹೊಂದುವ ನದಿಯ ಹೆಸರುಗಳು ಎರಡು, ಗೋದಾವರಿ ಮತ್ತು ಕಾವೇರಿ. ಎರಡೂ 1943ರಲ್ಲಿ ಸೇವೆಗೆ ಸೇರಿದ ಸ್ಲೂಪುಗಳು. ಇಂಗ್ಲಿಷಿನಲ್ಲಿ ಗೋದಾವರಿ ಐ ಅಕ್ಷರದಿಂದಲೂ ಆಗಿನ ಬರಹದ ಕಾವೇರಿ ವೈ ಅಕ್ಷರದಿಂದಲೂ ಮುಗಿಯುತ್ತಿತ್ತು. ಕನ್ನಡಿಗನಾದವನ ಮನಸ್ಸು ಯಾವ ಕಡೆ ವಾಲುವುದೆಂದು ಹೇಳಬೇಕಾಗಿಲ್ಲ. ಆದ್ದರಿಂದಲೇ ಭೂತಗನ್ನಡಿಯನ್ನು ನಾನು ಹಿಡಿಯದೆ, ಆ ಎರಡು ಹೆಸರುಗಳನ್ನು ತಿಳಿಯದ ಶಿಷ್ಯನೊಬ್ಬನ ಕೈಗೆ ಕೊಟ್ಟೆ. ತುದಿಯಲ್ಲಿ ಕವಲಿದೆ ಎಂದ. ವೈ ಅಕ್ಷರಕ್ಕಲ್ಲದೆ ಐ ಅಕ್ಷರಕ್ಕೆ ಕವಲಿಲ್ಲ. ಗ್ಲಾಸ್ಗೋದಲ್ಲಿ ಕಟ್ಟಿದ ಕಾವೇರಿ ಸ್ವಾತಂತ್ರ್ಯಾನಂತರವೂ ನಮ್ಮ ನೌಕಾದಳದಲ್ಲಿ ಉಳಿಯಿತು. ಗೋದಾವರಿ ವಿಭಜನೆಯಲ್ಲಿ ಪಾಕಿಸ್ತಾನದ ಪಾಲಿಗೆ ಹೋಗಿ ಸಿಂಧ್ ಎನಿಸಿತು.

ಮೂರನೆಯ ಪಟ ಚಿಕ್ಕದು, ಬೀದಿಯಲ್ಲೆಲ್ಲೋ ತೆಗೆದದ್ದು. ಅದೇ ಉಡುಪು, ಅದೇ ಪದಕಪಟ್ಟಿಗಳು. ಎಡತೋಳು ಮಾತ್ರ ಬರಿದು. ಪದಕಪಟ್ಟಿಗಳಿರುವುದರಿಂದ ಇದು ಬಡ್ತಿಗೆ ಮೊದಲಿನ ಹಳೆಯ ಪಟವಾಗಿರಲಾರದು. ಬಟ್ಟೆಯನ್ನು ದಿಟ್ಟಿಸಿದರೆ ಲಂಗರು ಇದ್ದ ಕಡೆ ಮಾಸದ ಮಚ್ಚೆಯೂ ಹೊಲಿಗೆಯ ಚುಕ್ಕಿಗಳೂ ಕಾಣುತ್ತವೆ. ದರ್ಜೆಯನ್ನು ಕಿತ್ತುಕೊಂಡಿದ್ದಾರೆ.

1946ರ ಫೆಬ್ರವರಿ 18ರಂದು ನಾವಿಕರ ಬಂಡಾಯ ಆರಂಭವಾದದ್ದು ಇದೇ ತಲ್ವಾರ್‌ನಲ್ಲಿ. ಕೆಟ್ಟ ಊಟ ಮತ್ತು ಮೇಲಧಿಕಾರಿಯ ಹೀನ ಬೈಗುಳ ಅದರ ತತ್‌ಕ್ಷಣದ ಕಾರಣಗಳು. ಸುದ್ದಿಯನ್ನು ಹಡಗಿಂದ ಹಡಗಿಗೆ ಹಬ್ಬಿಸಿದವರು ನಿಸ್ತಂತು ಕಲಿತ ಹುಡುಗರೇ. ಕೇಂದ್ರ ಮುಷ್ಕರ ಸಮಿತಿಯ ಅಧ್ಯಕ್ಷ ಎಂ.ಎಸ್. ಖಾನ್ ಸಂಕೇತ ವಿಭಾಗದವರು, ಉಪಾಧ್ಯಕ್ಷ ಮದನ್ ಸಿಂಗ್ ಟೆಲಿಗ್ರಾಫಿಸ್ಟ್. ವಲ್ಲಭಭಾಯಿ ಪಟೇಲರ ಸಲಹೆಯಂತೆ 23ರಂದು ಅವರು ಶರಣಾದರು. ಅನಂತರ ಬಂಧನ, ವಜಾ. ಹೀಗೆ ಹೊರಬಿದ್ದವರನ್ನು ಸ್ವತಂತ್ರ ಭಾರತದ ನೌಕಾದಳವೂ ಮರಳಿ ಕರೆಯಲಿಲ್ಲ. ಇದು ನನಗೆ ಇಂದಿಗೂ ಒಗ್ಗದ ಸಂಗತಿ.

ಬರಿದಾದ ತೋಳು ತನ್ನ ಕಾರಣವನ್ನು ಹೇಳುವುದಿಲ್ಲ. ಬೇರೆ ತಪ್ಪಿಗೂ ದರ್ಜೆ ಹೋಗಬಹುದಿತ್ತು. ಆದರೆ ಕಸುಬು, ಸ್ಥಳ, ಮರಳಿದ ತಿಂಗಳು ಮೂರೂ ಒಂದೇ ಕಡೆ ಬೆರಳು ತೋರಿಸುತ್ತವೆ. ಪಿಂಚಣಿಯಿಲ್ಲದೆ ಬಂದವನಿಗೆ ಮನೆಯವರು ಕ್ಯಾಪ್ಟನ್ ಪದವಿಯನ್ನು ಕೊಟ್ಟು ಮಾನ ಕಾಯ್ದರೆಂದು ನನ್ನ ಊಹೆ.

ಅವರ ಮಗಳು, ನನಗೆ ಅತ್ತೆಯಾಗಬೇಕಾದವರು, ಇದನ್ನೆಲ್ಲ ಕೇಳಿ, "ಸತ್ತವರ ತಲೆ ಮೇಲಿನ ಟೊಪ್ಪಿ ತೆಗೆದು ನಿನಗೆಂತ ಸಿಕ್ಕಿತು, ತಮಾ?" ಎಂದರು. ನಾನು ಮೂರನೆಯ ಪಟವನ್ನೂ ಭೂತಗನ್ನಡಿಯನ್ನೂ ಅವರ ಕೈಗಿತ್ತೆ. ಹೊಲಿಗೆಯ ಚುಕ್ಕಿಗಳನ್ನು ಬಹಳ ಹೊತ್ತು ನೋಡಿದರು. ವಂಶಾವಳಿಯಲ್ಲಿ ಈಗ 'ಲೀಡಿಂಗ್ ಟೆಲಿಗ್ರಾಫಿಸ್ಟ್, ಕಾವೇರಿ ಮತ್ತು ತಲ್ವಾರ್, 1942-46' ಎಂದಿದೆ. ಜೊತೆಗೆ ಯಾವ ಪಟವನ್ನು ಅಚ್ಚು ಹಾಕಿಸಬೇಕೆಂದು ಕೇಳಿದಾಗ ಅತ್ತೆಯವರು ಆರಿಸಿಕೊಟ್ಟದ್ದು ತೋಳು ಬರಿದಾದುದನ್ನು.