ಫ್ರಾಂಕ್ಲಿನ್ ಒಲೆಯಲ್ಲಿ ಫ್ರಾಂಕ್ಲಿನ್ ಎಷ್ಟು?

ಬೆಂಜಮಿನ್ ಫ್ರಾಂಕ್ಲಿನ್ ಅಂದ ಕೂಡಲೇ ನಮಗೆಲ್ಲ ನೆನಪಾಗೋದು ಗಾಳಿಪಟ ಮತ್ತು ಮಿಂಚು. ಹೈಸ್ಕೂಲಿನ ವಿಜ್ಞಾನದ ಪುಸ್ತಕದಲ್ಲಿ ಇದ್ದದ್ದು ಅಷ್ಟೇ. ಅಮೆರಿಕಕ್ಕೆ ಹೋಗಿಬಂದವರಿಗೆ ನೂರು ಡಾಲರ್ ನೋಟಿನ ಮೇಲಿನ ಮುಖವೂ ನೆನಪಾಗಬಹುದು. ಆದರೆ 1752ರ ಆ ಗಾಳಿಪಟಕ್ಕಿಂತ ಸುಮಾರು ಹತ್ತು ವರ್ಷ ಮೊದಲೇ ಈ ಮನುಷ್ಯ ಒಂದು ಒಲೆ ಮಾಡಿದ್ದ. ಅಡುಗೆ ಒಲೆಯಲ್ಲ, ಚಳಿಗಾಲದಲ್ಲಿ ಮನೆ ಬೆಚ್ಚಗಿಡೋ ಕಟ್ಟಿಗೆ ಒಲೆ. ಮುಂದೆ ಬಾಯಿ ತೆರೆದುಕೊಂಡಿರುವ ಕಬ್ಬಿಣದ ಒಲೆಗೆ ಅಲ್ಲಿ ಇವತ್ತಿಗೂ 'ಫ್ರಾಂಕ್ಲಿನ್ ಸ್ಟೋವ್' ಅಂತಲೇ ಹೆಸರು. ತಮಾಷೆ ಏನಪ್ಪಾ ಅಂದರೆ, ಆ ಹೆಸರಿನಲ್ಲಿ ಮಾರಾಟವಾದ ಬಹುಪಾಲು ಒಲೆಗಳಲ್ಲಿ ಫ್ರಾಂಕ್ಲಿನ್ ತಲೆ ಓಡಿಸಿ ಸೇರಿಸಿದ್ದ ಮುಖ್ಯ ಭಾಗಗಳೇ ಇಲ್ಲ! ಅದು ಹೇಗಾಯ್ತು ಅನ್ನೋದು ನನಗಂತೂ ಗಾಳಿಪಟಕ್ಕಿಂತ ಸ್ವಾರಸ್ಯದ ಕತೆ.

ಮೊದಲು ಅವನ ಕಾಲದ ಅಗ್ಗಿಷ್ಟಿಕೆಯ ಬಗ್ಗೆ ಹೇಳಬೇಕು. ಇಂಗ್ಲಿಷ್ ಸಿನಿಮಾಗಳಲ್ಲಿ ನೋಡಿರ್ತೀರಿ: ಗೋಡೆಯಲ್ಲಿ ದೊಡ್ಡ ಗೂಡು, ಅದರಲ್ಲಿ ಧಗಧಗ ಉರಿಯೋ ದಿಮ್ಮಿ, ಎದುರಿಗೆ ಕುರ್ಚಿ ಹಾಕಿಕೊಂಡು ಕೂತ ಅಜ್ಜ. ನೋಡೋಕೆ ಬಹಳ ಚೆಂದ. ಆದರೆ ಮನೆ ಬಿಸಿ ಮಾಡುವ ಸಾಧನವಾಗಿ ಅದು ಶುದ್ಧ ದಂಡ. ಕಟ್ಟಿಗೆಯ ಕಾವಿನಲ್ಲಿ ಹೆಚ್ಚಿನ ಪಾಲು ಹೊಗೆಯ ಜೊತೆ ಚಿಮಣಿ ಹತ್ತಿ ಆಕಾಶ ಸೇರುತ್ತೆ. ಕೋಣೆಗೆ ಸಿಗೋದು ನೇರವಾಗಿ ಉರಿಯಿಂದ ಮೈಗೆ ಬಡಿಯೋ ಕಾವು ಮಾತ್ರ. ಇನ್ನೂ ಕೆಟ್ಟದ್ದು ಒಂದಿದೆ. ಚಿಮಣಿಯಲ್ಲಿ ಮೇಲೆ ಹೋದ ಗಾಳಿಯ ಜಾಗಕ್ಕೆ ಬೇರೆ ಗಾಳಿ ಬರಲೇಬೇಕಲ್ಲ? ಅದು ಬಾಗಿಲ ಸಂದಿಯಿಂದ, ಕಿಟಕಿಯ ಬಿರುಕಿನಿಂದ ಬರುತ್ತೆ. ಹೊರಗಿನ ಹಿಮಗಾಳಿ! ಅಂದರೆ ಬೆಂಕಿ ಜೋರು ಮಾಡಿದಷ್ಟೂ ಮನೆಯೊಳಗೆ ಚಳಿಗಾಳಿಯನ್ನು ನೀವೇ ಕರೆದಂಗಾಯ್ತು. ಮುಂದೆ ಮುಖ ಸುಡುತ್ತೆ, ಹಿಂದೆ ಬೆನ್ನು ಮರಗಟ್ಟುತ್ತೆ ಅಂತ ಫ್ರಾಂಕ್ಲಿನ್ ಕೂಡ ಗೊಣಗಿದ್ದಾನೆ.

ನಮ್ಮ ಮಲೆನಾಡಿನ ಬಚ್ಚಲೊಲೆ ಮುಂದೆ ಮಳೆಗಾಲದಲ್ಲಿ ಕುಕ್ಕರುಗಾಲಲ್ಲಿ ಕೂತವರಿಗೆ ಇದು ಸ್ವಲ್ಪ ಮಟ್ಟಿಗೆ ಗೊತ್ತು. ಆದರೆ ಅಲ್ಲಿ ಬೆಂಕಿಯ ಮೇಲೆ ಹಂಡೆ ಇರುತ್ತೆ, ಕಾವು ನೀರಿಗಾದರೂ ಹೋಗುತ್ತೆ. ಹೊಗೆ ಅಟ್ಟಕ್ಕೇರಿ ಅಲ್ಲಿಟ್ಟ ಸಾಮಾನಿಗೆ ಹುಳ ಬೀಳದಂಗೆ ನೋಡಿಕೊಳ್ಳುತ್ತೆ. ಮೇಲಾಗಿ ನಮಗೆ ಚಳಿ ಅಂದರೆ ಕಂಬಳಿಯಲ್ಲಿ ಮುಗಿಯೋ ಮಾತು. ನದಿಯೇ ಹೆಪ್ಪುಗಟ್ಟೋ ಊರಿನಲ್ಲಿ ಅದು ಸಾವು ಬದುಕಿನ ಪ್ರಶ್ನೆ.

ಈ ಕತೆ ನಡೆಯೋ ಕಾಲವೂ ಅಂಥದ್ದೇ. 'ಪುಟ್ಟ ಹಿಮಯುಗ' ಅಂತ ಈಗ ಕರೆಯುವ, ಕೆಲವು ಶತಮಾನಗಳ ಕಾಲ ಯೂರೋಪು ಮತ್ತು ಉತ್ತರ ಅಮೆರಿಕವನ್ನು ಕಾಡಿದ ಚಳಿಯ ಅವಧಿ ಇನ್ನೂ ಮುಗಿದಿರಲಿಲ್ಲ. 1740-41ರ ಚಳಿಗಾಲವಂತೂ ಅಮೆರಿಕದ ಪೂರ್ವ ಕರಾವಳಿಯ ವಸಾಹತುಗಳಲ್ಲಿ ಭಯಂಕರವಾಗಿತ್ತು. ಇನ್ನೊಂದು ಕಡೆ ಊರುಗಳ ಸುತ್ತಲಿನ ಕಾಡು ಬೋಳಾಗುತ್ತಿತ್ತು. ನೂರು ವರ್ಷದ ಹಿಂದೆ ಮನೆ ಬಾಗಿಲಲ್ಲೇ ಸಿಗುತ್ತಿದ್ದ ಕಟ್ಟಿಗೆಯನ್ನು ಈಗ ಕೆಲವು ಪಟ್ಟಣಗಳಿಗೆ ಹತ್ತಿರ ಹತ್ತಿರ ನೂರು ಮೈಲಿಯಿಂದ ತರಬೇಕಾಗಿದೆ ಅಂತ ಫ್ರಾಂಕ್ಲಿನ್ 1744ರಲ್ಲೇ ಬರೆದ. ಅಮೆರಿಕ ಅಂದರೆ ಮುಗಿಯದ ಕಾಡು ಅಂದುಕೊಂಡಿದ್ದ ನನಗೆ ಇದು ಆಶ್ಚರ್ಯ. ಕಟ್ಟಿಗೆ ದುಬಾರಿಯಾದರೆ ಮೊದಲು ನಡುಗೋದು ಬಡವರೇ ಅಂತ ಬೇರೆ ಹೇಳಬೇಕಿಲ್ಲ.

ಹಾಗಂತ ಮುಚ್ಚಿದ ಒಲೆ ಆಗ ಇರಲಿಲ್ಲ ಅಂತಲ್ಲ. ಪೆನ್ಸಿಲ್ವೇನಿಯಾದಲ್ಲಿ ನೆಲೆಸಿದ್ದ ಜರ್ಮನ್ನರು ಐದು ಕಬ್ಬಿಣದ ಹಲಗೆ ಜೋಡಿಸಿದ ಪೆಟ್ಟಿಗೆಯಂಥ ಒಲೆ ಇಟ್ಟುಕೊಂಡಿದ್ದರು. ಅದರ ಬಾಯಿ ಇರೋದು ಪಕ್ಕದ ಅಡುಗೆಮನೆಯಲ್ಲಿ. ಅಲ್ಲಿಂದ ಕಟ್ಟಿಗೆ ತುಂಬಿದರೆ ಈಚೆ ಕೋಣೆಯಲ್ಲಿ ಕಬ್ಬಿಣ ಕಾಯುತ್ತೆ, ಹೊಗೆಯೆಲ್ಲ ಆಚೆಗೇ. ಹಲಗೆಗಳ ಮೇಲೆ ಬೈಬಲ್ಲಿನ ಚಿತ್ರಗಳನ್ನು ಎರಕ ಹೊಯ್ದಿರುತ್ತಿದ್ದರು. ಒಳ್ಳೇ ಒಲೆ, ಕಟ್ಟಿಗೆಯೂ ಉಳಿತಾಯ. ಆದರೆ ಇಂಗ್ಲಿಷ್ ಮೂಲದವರಿಗೆ ಅದು ಒಗ್ಗಲಿಲ್ಲ. ಯಾಕೆ? ಬೆಂಕಿ ಕಣ್ಣಿಗೆ ಕಾಣೋದಿಲ್ಲ! ಜೊತೆಗೆ ಕೋಣೆಯ ಗಾಳಿ ಬದಲಾಗೋದಿಲ್ಲ ಅನ್ನೋ ತಕರಾರು ಬೇರೆ. ನಮ್ಮ ಫ್ರಾಂಕ್ಲಿನ್ನನಿಗೂ ಇದೇ ತಕರಾರು. ಅವನಿಗೆ ಬೇಕಾದ್ದು ಅಗ್ಗಿಷ್ಟಿಕೆಯ ಅಂದ, ಜರ್ಮನ್ ಒಲೆಯ ಕಾವು, ಮೇಲಿಂದ ಹೊಸ ಗಾಳಿ. ಎಲ್ಲವೂ ಒಂದೇ ಡಬ್ಬದಲ್ಲಿ. (ಕ್ಲೈಂಟುಗಳು ಆಗಲೂ ಹೀಗೇ ಇದ್ದರು ನೋಡಿ :-))

ಅವನು ಮಾಡಿದ ಉಪಾಯ ಹೀಗಿತ್ತು. ಬೆಂಕಿ ಮುಂದುಗಡೆ, ಎಲ್ಲರಿಗೂ ಕಾಣುವಂತೆ. ಅದರ ಹಿಂದೆ ಟೊಳ್ಳಾದ ಒಂದು ಕಬ್ಬಿಣದ ಪೆಟ್ಟಿಗೆ. ಹೊಗೆ ನೇರವಾಗಿ ಚಿಮಣಿಗೆ ಹೋಗೋ ಹಾಗಿಲ್ಲ. ಅದು ಈ ಪೆಟ್ಟಿಗೆಯ ತಲೆಯ ಮೇಲೆ ಹಾದು, ಹಿಂಭಾಗದಲ್ಲಿ ಕೆಳಗಿಳಿದು, ನೆಲಮಟ್ಟದ ಕೆಳಗೆ ನುಸುಳಿ, ಆಮೇಲೆ ಚಿಮಣಿ ಹತ್ತಬೇಕು. ಅಷ್ಟು ಹೊತ್ತಿಗೆ ತನ್ನ ಕಾವನ್ನೆಲ್ಲ ಕಬ್ಬಿಣಕ್ಕೆ ಕೊಟ್ಟಿರುತ್ತೆ. ಇತ್ತ ಪೆಟ್ಟಿಗೆಯ ಒಳಗೆ, ಹೊಗೆಗೂ ಅದಕ್ಕೂ ಸಂಬಂಧವೇ ಇಲ್ಲದ ಹಾಗೆ, ಕೆಳಗಿನಿಂದ ಹೊಸ ಗಾಳಿ ಬಂದು ಅಂಕುಡೊಂಕಾದ ದಾರಿಯಲ್ಲಿ ಸುತ್ತಿ, ಬಿಸಿಯಾಗಿ, ಪಕ್ಕದ ತೂತುಗಳಿಂದ ಕೋಣೆಗೆ ಬರುತ್ತೆ. ಇವತ್ತಿನ ಭಾಷೆಯಲ್ಲಿ ಹೇಳೋದಾದರೆ ಹೀಟ್ ಎಕ್ಸ್‌ಚೇಂಜರ್. ಪೂರ್ತಿ ಸ್ವಂತದ್ದೇನಲ್ಲ. ಫ್ರಾನ್ಸಿನ ನಿಕೋಲಾ ಗೋಜೆ 1713ರಲ್ಲೇ ಗಾಳಿ ಬಿಸಿ ಮಾಡುವ ಅಗ್ಗಿಷ್ಟಿಕೆಗಳ ಬಗ್ಗೆ ಪುಸ್ತಕ ಬರೆದಿದ್ದ, ಅದು ಇಂಗ್ಲಿಷಿಗೂ ಬಂದಿತ್ತು, ಫ್ರಾಂಕ್ಲಿನ್ ಓದಿಕೊಂಡಿದ್ದ.

ಸ್ನೇಹಿತ ರಾಬರ್ಟ್ ಗ್ರೇಸ್‌ನ ಕುಲುಮೆಯಲ್ಲಿ ಹಲಗೆಗಳ ಎರಕವಾಯ್ತು. 1744ರಲ್ಲಿ ಫ್ರಾಂಕ್ಲಿನ್ ತನ್ನದೇ ಮುದ್ರಣಾಲಯದಿಂದ ಇದರ ಬಗ್ಗೆ ಒಂದು ಪುಸ್ತಿಕೆ ಹೊರತಂದ. ಬಿಸಿಗಾಳಿ ಯಾಕೆ ಮೇಲೇರುತ್ತೆ ಅನ್ನೋದರಿಂದ ಹಿಡಿದು, ಗಾರೆಯವನು ಇಟ್ಟಿಗೆ ಹೇಗೆ ಕೂರಿಸಬೇಕು ಅನ್ನೋವರೆಗೆ ಎಲ್ಲ ಇದೆ, ಚಿತ್ರಸಮೇತ. ಮೊದಲು ಸುಡುತ್ತಿದ್ದ ಕಟ್ಟಿಗೆಯ ಕಾಲು ಭಾಗದಲ್ಲೇ ನನ್ನ ಕೋಣೆ ಎರಡರಷ್ಟು ಬೆಚ್ಚಗಿದೆ ಅಂತ ಜಂಬ ಬೇರೆ.

ಇಲ್ಲಿ ಬರೋದು ನನಗೆ ಇಷ್ಟವಾದ ಭಾಗ. ಪೆನ್ಸಿಲ್ವೇನಿಯಾದ ಗವರ್ನರ್ ಜಾರ್ಜ್ ಥಾಮಸ್‌ಗೆ ಈ ಪುಸ್ತಿಕೆ ಎಷ್ಟು ಹಿಡಿಸಿತು ಅಂದರೆ, ಕೆಲವು ವರ್ಷ ಈ ಒಲೆ ಮಾರುವ ಹಕ್ಕು ನಿನಗೊಬ್ಬನಿಗೇ ಇರಲಿ ಅಂತ ಪೇಟೆಂಟ್ ಕೊಡಲು ಮುಂದೆ ಬಂದ. ಫ್ರಾಂಕ್ಲಿನ್ ಬೇಡ ಅಂದ. ಬೇರೆಯವರು ಕಂಡುಹಿಡಿದದ್ದರಿಂದ ನಾವು ಅನುಕೂಲ ಪಡೀತೀವಿ, ಹಾಗೆಯೇ ನಮ್ಮದನ್ನೂ ಪುಕ್ಕಟೆಯಾಗಿ ಕೊಡೋಕೆ ಸಂತೋಷಪಡಬೇಕು ಅನ್ನೋದು ಅವನ ವಾದ. ಸ್ಟಾಲ್‌ಮನ್ ಹುಟ್ಟೋಕೆ ಇನ್ನೂ ಇನ್ನೂರು ವರ್ಷ ಇತ್ತು! ಆದರೆ ಬಿಟ್ಟಿ ಸಿಕ್ಕಿದ್ದನ್ನು ಬೇಲಿ ಹಾಕಿಕೊಳ್ಳುವವರು ಎಲ್ಲ ಕಾಲದಲ್ಲೂ ಇರ್ತಾರೆ. ಲಂಡನ್ನಿನ ಒಬ್ಬ ಕಬ್ಬಿಣದ ವ್ಯಾಪಾರಿ ಆ ಪುಸ್ತಿಕೆಯಿಂದ ಬಹಳಷ್ಟನ್ನು ಎತ್ತಿಕೊಂಡು, ಅಲ್ಲಿ ಇಲ್ಲಿ ಸ್ವಲ್ಪ ತಿದ್ದಿ, ತನ್ನ ಹೆಸರಲ್ಲಿ ಪೇಟೆಂಟ್ ತಗೊಂಡು ದುಡ್ಡು ಮಾಡಿದ. ಆ ತಿದ್ದುಪಡಿಗಳಿಂದ ಒಲೆ ಕೆಟ್ಟಿತೇ ಹೊರತು ಸುಧಾರಿಸಲಿಲ್ಲ ಅಂತ ಫ್ರಾಂಕ್ಲಿನ್ ಆತ್ಮಕತೆಯಲ್ಲಿ ಸಣ್ಣಗೆ ಕುಟುಕಿದ್ದಾನೆ, ಆದರೆ ಜಗಳಕ್ಕೆ ಹೋಗಲಿಲ್ಲ.

ಸರಿ, ಒಲೆ ಕೆಲಸ ಮಾಡಿತಾ? ಕಾಗದದ ಮೇಲೆ ಚೆನ್ನಾಗಿ ಮಾಡಿತು. ಮನೆಗಳಲ್ಲಿ ಹೊಗೆಯಾಡಿತು.

ಕಾರಣ ಸರಳ. ಬಿಸಿ ಹೊಗೆ ಹಗುರ, ಅದಕ್ಕೆ ಮೇಲೆ ಹೋಗೋದು ಮಾತ್ರ ಗೊತ್ತು. ಅದನ್ನು ಬಲವಂತವಾಗಿ ಕೆಳಗಿಳಿಸಬೇಕು ಅಂದರೆ ಆಚೆ ಕಡೆಯ ಚಿಮಣಿ ಮೊದಲೇ ಬಿಸಿಯಾಗಿದ್ದು ಜೋರಾಗಿ ಎಳೀತಿರಬೇಕು. ಬೆಳಗ್ಗೆ ಎದ್ದು ತಣ್ಣಗಿನ ಒಲೆ ಹಚ್ಚಿದರೆ ಆ ಎಳೆತ ಎಲ್ಲಿಂದ ಬರಬೇಕು? ಹೊಗೆಯೆಲ್ಲ ಸೀದಾ ಕೋಣೆಗೆ. ಉರಿ ಸ್ವಲ್ಪ ತಗ್ಗಿದರೂ ಅದೇ ಪಾಡು. ಇನ್ನೂ ಸೂಕ್ಷ್ಮ ಏನು ಗೊತ್ತಾ? ಹೊಗೆಯಿಂದ ನೀವು ಹೆಚ್ಚು ಹೆಚ್ಚು ಕಾವು ಕಿತ್ತುಕೊಂಡಷ್ಟೂ ಅದು ತಣ್ಣಗಾಗುತ್ತೆ, ತಣ್ಣಗಾದಷ್ಟೂ ಚಿಮಣಿ ಏರುವ ಶಕ್ತಿ ಕಳಕೊಳ್ಳುತ್ತೆ. ಒಲೆ ಯಾವುದಕ್ಕೆ ಒಳ್ಳೆಯದೋ ಅದೇ ಅದರ ಕತ್ತು ಹಿಸುಕುತ್ತೆ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಕಟ್ಟಿದ 'ಅಸ್ತ್ರ' ತಂಡ ಹಳ್ಳಿಮನೆಗಳಿಗಾಗಿ ರೂಪಿಸಿದ ಅಸ್ತ್ರ ಒಲೆಯಲ್ಲೂ ಇದೇ ಲೆಕ್ಕ ಇದೆ. ಹೊಗೆ ಚಿಮಣಿ ಸೇರುವ ಮುಂಚೆ ಪಾತ್ರೆಗಳಿಗೆ ಕಾವು ಕೊಡಬೇಕು, ಆದರೂ ಅಡುಗೆಮನೆಗೆ ವಾಪಸ್ ಬರಬಾರದು.

ಫ್ರಾಂಕ್ಲಿನ್ನನ ಒಲೆ ಹೆಚ್ಚು ಮಾರಾಟವಾಗಲಿಲ್ಲ. ಕೊಂಡವರು ಕೂಡ ಅದರ ಭಾಗಗಳನ್ನು ಕಿತ್ತು ಹಾಕತೊಡಗಿದರು. ಕೊನೆಗೆ 1780ರ ದಶಕದಲ್ಲಿ ಫಿಲಡೆಲ್ಫಿಯಾದವನೇ ಆದ ಡೇವಿಡ್ ರಿಟನ್‌ಹೌಸ್, ಖಗೋಳ ವಿಜ್ಞಾನಿ, ಗಡಿಯಾರ ಮಾಡೋದರಲ್ಲಿ ನಿಪುಣ, ಕೆಳಗಿಳಿಯೋ ದಾರಿಯನ್ನೇ ತೆಗೆದುಹಾಕಿ ಹೊಗೆಗೆ ನೇರ ಮೇಲಕ್ಕೆ ಹೋಗೋ ಕೊಳವೆ ಕೊಟ್ಟ. ಹೊಗೆ ನಿಂತಿತು, ಒಲೆ ಜನಪ್ರಿಯವಾಯ್ತು. ಆದರೆ ಜನರ ಬಾಯಲ್ಲಿ ಹೆಸರು ಮಾತ್ರ ಫ್ರಾಂಕ್ಲಿನ್ನನದೇ ಉಳಿಯಿತು. ಪಾಪ ರಿಟನ್‌ಹೌಸ್!

ಹಾಗಾದರೆ ಹೊಗೆಯನ್ನು ಕೆಳಗಿಳಿಸೋ ಯೋಚನೆಯೇ ತಪ್ಪಾ? ಅಲ್ಲ. ಸ್ವೀಡನ್ನಿನಲ್ಲಿ ಅದು ಗೆದ್ದಿತು. ಅಲ್ಲಿ ಕಬ್ಬಿಣದ ಉದ್ಯಮಕ್ಕೆ ಇದ್ದಿಲು ಬೇಕು, ಮನೆಗಳಿಗೆ ಕಟ್ಟಿಗೆ ಬೇಕು, ಕಾಡು ಸಾಲದು. 1767ರಲ್ಲಿ ಕಟ್ಟಿಗೆ ಉಳಿಸೋ ಒಲೆ ಮಾಡಿ ಅಂತ ಅಲ್ಲಿನ ಸರ್ಕಾರ ಕಾರ್ಲ್ ಯೊಹಾನ್ ಕ್ರೂನ್‌ಸ್ಟೆಟ್ ಮತ್ತು ಫೇಬಿಯನ್ ವ್ರೇದೆ ಅನ್ನುವವರಿಗೆ ವಹಿಸಿತು. ಅವರು ಮಾಡಿದ್ದು ಆಳೆತ್ತರದ ಇಟ್ಟಿಗೆ ಒಲೆ, ಹೊರಗೆ ಹೊಳೆಯೋ ಹೆಂಚಿನ ಬಿಲ್ಲೆಗಳು. ಒಳಗೆ ಹೊಗೆ ಮೇಲೆ ಹೋಗಿ ಕೆಳಗಿಳಿದು ಮತ್ತೆ ಮೇಲೆ ಹೋಗುತ್ತೆ. ಗುಟ್ಟು ಇರೋದು ಬೆಂಕಿ ಹಾಕುವ ರೀತಿಯಲ್ಲಿ: ದಿನಕ್ಕೆ ಒಂದೆರಡು ಸಲ, ಸ್ವಲ್ಪ ಹೊತ್ತು, ಆದರೆ ಧಗಧಗ. ಅಷ್ಟು ಜೋರು ಉರಿಯಲ್ಲಿ ಹೊಗೆಗೆ ಸುತ್ತಿ ಬರೋ ಶಕ್ತಿ ಇರುತ್ತೆ. ಆಮೇಲೆ ಬೆಂಕಿ ಆರಿದರೂ ಇಟ್ಟಿಗೆಯ ರಾಶಿ ಗಂಟೆಗಟ್ಟಲೆ ನಿಧಾನವಾಗಿ ಕಾವು ಬಿಡುತ್ತಿರುತ್ತೆ. ಫ್ರಾಂಕ್ಲಿನ್ನನದು ತೆಳು ಕಬ್ಬಿಣ. ಬೇಗ ಕಾಯುತ್ತೆ, ಬೇಗ ಆರುತ್ತೆ, ಹಾಗಾಗಿ ಇಡೀ ದಿನ ಸಣ್ಣ ಉರಿ ಇಟ್ಟುಕೊಂಡೇ ಇರಬೇಕು. ಆ ಸಣ್ಣ ಉರಿಯೇ ಅವನಿಗೆ ಕೈಕೊಟ್ಟದ್ದು.

ಇನ್ನೊಬ್ಬ ಬೆಂಜಮಿನ್ ಇದ್ದಾನೆ, ಬೆಂಜಮಿನ್ ಥಾಮ್ಸನ್, ಕೌಂಟ್ ರಮ್‌ಫೋರ್ಡ್. ಫಿರಂಗಿ ಕೊರೆಯುವಾಗ ಹುಟ್ಟೋ ಬಿಸಿ ನೋಡಿ 'ಶಾಖ ಒಂದು ದ್ರವ' ಅನ್ನೋ ನಂಬಿಕೆಯನ್ನು ಅಲ್ಲಾಡಿಸಿದನಲ್ಲ, ಅವನೇ. ಅಮೆರಿಕದಲ್ಲೇ ಹುಟ್ಟಿದರೂ ಬ್ರಿಟಿಷರ ಪಕ್ಷ, ಅವರಿಗೆ ಗೂಢಚಾರಿಕೆಯನ್ನೂ ಮಾಡಿದ ಆಸಾಮಿ. ಅವನದೇ ಒಂದು ಸಿನಿಮಾ ಆಗಬಹುದು, ಇರಲಿ. 1796ರಲ್ಲಿ ಅವನು ಪ್ರಕಟಿಸಿದ ಪರಿಹಾರದಲ್ಲಿ ಕಬ್ಬಿಣವೇ ಬೇಡ. ಅಗ್ಗಿಷ್ಟಿಕೆಯ ಆಳ ಕಡಿಮೆ ಮಾಡಿ, ಪಕ್ಕದ ಗೋಡೆಗಳನ್ನು ಓರೆ ಮಾಡಿ, ಚಿಮಣಿಯ ಗಂಟಲನ್ನು ನಾಲ್ಕು ಅಂಗುಲಕ್ಕೆ ಇಳಿಸಿ, ಅಷ್ಟೇ. ಗಾರೆಯವನ ಒಂದೆರಡು ದಿನದ ಕೆಲಸ. ಓರೆ ಗೋಡೆ ಕಾವನ್ನು ಕೋಣೆಗೆ ತಿರುಗಿಸುತ್ತೆ, ಸಣ್ಣ ಗಂಟಲು ಬಿಸಿಗಾಳಿ ಪೋಲಾಗೋದನ್ನು ತಡೆಯುತ್ತೆ. ಲಂಡನ್ನಿನ ಶ್ರೀಮಂತರ ಮನೆಗಳಲ್ಲಿ ಇದು ಫ್ಯಾಶನ್ನೇ ಆಗಿಹೋಯ್ತು. ಜೇನ್ ಆಸ್ಟಿನ್‌ಳ 'ನಾರ್ತಾಂಗರ್ ಆಬಿ' ಕಾದಂಬರಿಯಲ್ಲೂ ರಮ್‌ಫೋರ್ಡ್ ಅಗ್ಗಿಷ್ಟಿಕೆ ಬರುತ್ತೆ. ಒಬ್ಬ ಇಂಜಿನಿಯರಾಗಿ ಕೇಳಿದರೆ ನನ್ನ ಓಟು ರಮ್‌ಫೋರ್ಡನಿಗೆ. ಇರೋ ವ್ಯವಸ್ಥೆಯನ್ನು ಒಡೆಯದೆ ನಾಲ್ಕು ಸಾಲು ತಿದ್ದಿ ಸರಿ ಮಾಡೋದು ಸುಲಭದ ಮಾತಲ್ಲ.

ಫ್ರಾಂಕ್ಲಿನ್ ಕತೆಯಲ್ಲಿ ಒಂದು ಕಹಿ ಭಾಗವೂ ಇದೆ. ಕಟ್ಟಿಗೆ ಉಳಿಸೋಕೆ ಅಂತ ಮಾಡಿದ ಒಲೆಯ ಕಬ್ಬಿಣ ಕರಗಿದ್ದು ಯಾವುದರಲ್ಲಿ? ಇದ್ದಿಲಿನಲ್ಲಿ. ಇದ್ದಿಲು ಬಂದದ್ದು ಕಾಡು ಕಡಿದು. ಅಂದಿನ ಪೆನ್ಸಿಲ್ವೇನಿಯಾದ ಕಬ್ಬಿಣದ ಕುಲುಮೆಗಳಲ್ಲಿ ದುಡಿದವರಲ್ಲಿ ಆಫ್ರಿಕಾದಿಂದ ತಂದ ಗುಲಾಮರೂ ಇದ್ದರು. ಫ್ರಾಂಕ್ಲಿನ್ ಕೂಡ ಆಗ ಗುಲಾಮರನ್ನು ಇಟ್ಟುಕೊಂಡಿದ್ದವನೇ, ಅವರ ಮಾರಾಟದ ಜಾಹೀರಾತುಗಳನ್ನು ತನ್ನ ಪತ್ರಿಕೆಯಲ್ಲಿ ಅಚ್ಚು ಹಾಕಿದವನೇ. ಗುಲಾಮಗಿರಿ ವಿರೋಧಿ ಸಂಘದ ಅಧ್ಯಕ್ಷನಾದದ್ದು 1787ರಲ್ಲಿ, ಎಂಬತ್ತು ದಾಟಿದ ಮೇಲೆ. ಇತಿಹಾಸಕಾರ್ತಿ ಜಾಯ್ಸ್ ಚಾಪ್ಲಿನ್ 2025ರಲ್ಲಿ ಈ ಒಲೆಯ ಮೇಲೆಯೇ ಒಂದು ಇಡೀ ಪುಸ್ತಕ ಬರೆದು, ಚಳಿ, ಕಾಡು, ಕಬ್ಬಿಣ, ಗುಲಾಮಗಿರಿ ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದ್ದಾರೆ. ಪುಕ್ಕಟೆ ಕೊಟ್ಟ ವಿನ್ಯಾಸ ಅಂತ ನಾನು ಮೇಲೆ ಹೊಗಳಿದೆನಲ್ಲ, ಅದರ ಬೆಲೆಯನ್ನು ಯಾರೋ ಕೊಟ್ಟೇ ಇದ್ದರು.

ಹೊಗೆಯ ಹುಚ್ಚು ಮಾತ್ರ ಫ್ರಾಂಕ್ಲಿನ್ನನಿಗೆ ಕೊನೆಯವರೆಗೂ ಬಿಡಲಿಲ್ಲ. 1785ರಲ್ಲಿ, ಎಪ್ಪತ್ತೊಂಬತ್ತರ ವಯಸ್ಸಿನಲ್ಲಿ, ಫ್ರಾನ್ಸಿನಿಂದ ಹಡಗಿನಲ್ಲಿ ವಾಪಸ್ ಬರುವಾಗ ಹೊಗೆಯಾಡುವ ಚಿಮಣಿಗಳಿಗೆ ಕಾರಣ ಮತ್ತು ಮದ್ದು ಅಂತ ಉದ್ದುದ್ದ ಬರೆದ. ತನ್ನ ಹೊಗೆಯನ್ನು ತಾನೇ ಸುಟ್ಟುಕೊಳ್ಳುವ ಕಲ್ಲಿದ್ದಲ ಒಲೆಯ ವಿವರವೂ ಅದೇ ಕಾಲದ್ದು. ಹೊಗೆ ಅಂದರೆ ಉರಿಯದೆ ಉಳಿದ ಇಂಧನ, ಅದನ್ನು ಬೆಂಕಿಯ ಮೂಲಕವೇ ಹಾಯಿಸಿದರೆ ಅದೂ ಉರಿಯುತ್ತೆ ಅನ್ನೋದು ಅವನ ತರ್ಕ.

ಈ ಯೋಚನೆಗೆ ಮತ್ತೆ ಬೆಲೆ ಬರೋಕೆ ಎರಡು ಶತಮಾನ ಹಿಡಿಯಿತು. 1973ರ ತೈಲ ಬಿಕ್ಕಟ್ಟಿನಲ್ಲಿ ಅಮೆರಿಕದ ಜನ ಮತ್ತೆ ಕಟ್ಟಿಗೆ ಒಲೆ ಹುಡುಕಿಕೊಂಡು ಹೋದರು. ಗಾಳಿಯ ಬಾಯಿ ಮುಚ್ಚಿ ರಾತ್ರಿಯಿಡೀ ಕೊಳ್ಳಿ ಕಮರುತ್ತಿರೋ ಹಾಗೆ ಬಿಡುವ ಒಲೆಗಳು. ಕಣಿವೆಯ ಊರುಗಳೆಲ್ಲ ಹೊಗೆಯಲ್ಲಿ ಮುಳುಗಿದವು. 1988ರಲ್ಲಿ ಅಲ್ಲಿನ ಪರಿಸರ ಇಲಾಖೆ ಹೊಸ ಒಲೆಗಳಿಗೆ ಹೊಗೆಯ ಮಿತಿ ಹಾಕಿತು. ಆಗ ವೇಗವರ್ಧಕ ಇಲ್ಲದ ಒಲೆಗೆ ಗಂಟೆಗೆ 7.5 ಗ್ರಾಂವರೆಗೆ ಕಣ ಬಿಡಲು ಅವಕಾಶ ಇತ್ತು. 2020ರಿಂದ ಮಾಮೂಲಿ ಪರೀಕ್ಷೆಯಲ್ಲಿ ಅದು 2 ಗ್ರಾಂ. ಈಗಿನ ಒಲೆಗಳಲ್ಲಿ ಮೇಲ್ಭಾಗದ ಸಣ್ಣ ತೂತುಗಳಿಂದ ಬಿಸಿಗಾಳಿ ಚಿಮ್ಮಿ ಹೊಗೆಗೇ ಬೆಂಕಿ ಹತ್ತಿಸುತ್ತೆ. ಮುಂದೆ ಗಾಜಿನ ಬಾಗಿಲು ಬೇರೆ. ಫ್ರಾಂಕ್ಲಿನ್ನನಿಗೆ ಬೇಕಿದ್ದ ಹಾಗೆ ಬೆಂಕಿಯೂ ಕಾಣುತ್ತೆ.

ಕನ್ನಡಿಗರು ದಂಡಿಯಾಗಿರುವ ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದಲ್ಲಂತೂ 2008ರ ನಿಯಮದ ನಂತರ ಗಾಳಿ ಕೆಟ್ಟ ದಿನಗಳಲ್ಲಿ ಮನೆಯಲ್ಲಿ ಕಟ್ಟಿಗೆ ಉರಿಸಿದರೆ ದಂಡ ಬೀಳಬಹುದು. 2016ರ ನವೆಂಬರಿನಿಂದ ಅಲ್ಲಿ ಹೊಸದಾಗಿ ಕಟ್ಟುವ ಮನೆಗಳಿಗೆ ಕಟ್ಟಿಗೆಯ ಅಗ್ಗಿಷ್ಟಿಕೆ, ಕಟ್ಟಿಗೆಯ ಒಲೆ ಎರಡೂ ಇಡುವಂತಿಲ್ಲ.