ಇಲಿಮರಿಯ ಮೀಸೆಯೂ ಮೆದುಳಿನ ಕಂದು ಬಣ್ಣವೂ

ಆಗಷ್ಟೇ ಹುಟ್ಟಿದ ಇಲಿಮರಿಯ ಮೈಮೇಲೆ ರೋಮವಿಲ್ಲ, ಕಣ್ಣು ತೆರೆಯಲು ಸುಮಾರು ಎರಡು ವಾರ ಬೇಕು. ಮೂತಿಯ ಎರಡೂ ಬದಿಯಲ್ಲಿ ಮೀಸೆ ಮಾತ್ರ ಆಗಲೇ ಇರುತ್ತದೆ. ತಾಯಿ ಎಲ್ಲಿದ್ದಾಳೆ, ಜೊತೆಮರಿಗಳು ಎಲ್ಲಿವೆ ಎಂಬುದು ಅದಕ್ಕೆ ತಿಳಿಯುವುದು ವಾಸನೆ ಮತ್ತು ಸ್ಪರ್ಶದಿಂದ. ಆ ಸ್ಪರ್ಶ ಮೆದುಳನ್ನು ಹೇಗೆ ರೂಪಿಸುತ್ತದೆ ಎಂದು ತಿಳಿಯಲು ವಿಜ್ಞಾನಿಗಳಿಗೆ ಬಹಳ ನೆರವಾದದ್ದು ಸೈಟೋಕ್ರೋಮ್ ಆಕ್ಸಿಡೇಸ್ ಎಂಬ ಕಿಣ್ವ.

ಕಿಣ್ವದ ಕೆಲಸ

ಮೈಟೋಕಾಂಡ್ರಿಯದ ಒಳಪೊರೆಯಲ್ಲಿರುವ ಈ ಕಿಣ್ವ ಕೋಶದ ಉಸಿರಾಟ ಸರಪಳಿಯ ಕೊನೆಯ ಕೊಂಡಿ. ಎಲೆಕ್ಟ್ರಾನುಗಳನ್ನು ಆಮ್ಲಜನಕಕ್ಕೆ ದಾಟಿಸಿ ಅದನ್ನು ನೀರಾಗಿಸುತ್ತದೆ. ಜೊತೆಗೆ ಪ್ರೋಟಾನುಗಳನ್ನು ಪೊರೆಯಾಚೆ ತಳ್ಳಿ, ಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿಯ ತಯಾರಿಗೆ ಬಲ ಕೊಡುತ್ತದೆ. ನಾವು ಉಸಿರಾಡುವ ಆಮ್ಲಜನಕದ ಬಹುಪಾಲು ಖರ್ಚಾಗುವುದು ಇಲ್ಲೇ. ಉಸಿರಾಟದ ಕಿಣ್ವದ ಸ್ವರೂಪ ಕಂಡುಹಿಡಿದ ಓಟೋ ವಾರ್‌ಬರ್ಗ್ ಅವರಿಗೆ 1931ರ ನೊಬೆಲ್ ಸಂದಿತು.

ಸಂಕೇತ ಬಂದಾಗಲೆಲ್ಲ ನರಕೋಶದೊಳಗೆ ಸೋಡಿಯಂ ನುಗ್ಗುತ್ತದೆ. ಅದನ್ನು ಹೊರಹಾಕುವ ಪಂಪಿಗೆ ಎಟಿಪಿ ಬೇಕು. ಹಾಗಾಗಿ ಹೆಚ್ಚು ದುಡಿಯುವ ಕೋಶದಲ್ಲಿ ಈ ಕಿಣ್ವವೂ ಹೆಚ್ಚು. ದುಡಿಮೆ ತಗ್ಗಿದರೆ ಕೆಲವೇ ದಿನಗಳಲ್ಲಿ ಕಿಣ್ವವೂ ತಗ್ಗುತ್ತದೆ. ಅದರ ಪ್ರಮಾಣ ಆ ಕ್ಷಣದ ಮಿಂಚನ್ನಲ್ಲ, ಕಳೆದ ದಿನಗಳ ದುಡಿಮೆಯನ್ನು ಹೇಳುತ್ತದೆ. ಈ ಕಿಣ್ವವನ್ನು ಬಣ್ಣದಲ್ಲಿ ತೋರಿಸುವ ಚಿತ್ರಗಳನ್ನು ನೋಡುವಾಗ ಇದನ್ನು ಮರೆಯಬಾರದು.

ಕಾಣುವಂತೆ ಮಾಡುವ ಬಗೆ

1979ರಲ್ಲಿ ಮಾರ್ಗರೆಟ್ ವಾಂಗ್-ರೈಲಿ ಸರಳವಾದೊಂದು ವಿಧಾನವನ್ನು ಪ್ರಕಟಿಸಿದರು. ಮೆದುಳಿನ ತೆಳು ಹಾಳೆಗಳನ್ನು ಡೈಅಮಿನೋಬೆಂಜಿಡಿನ್ ಮತ್ತು ಸೈಟೋಕ್ರೋಮ್ ಸಿ ಬೆರೆಸಿದ ದ್ರಾವಣದಲ್ಲಿ ಬೆಚ್ಚಗೆ ಇಡಬೇಕು. ಕಿಣ್ವ ಕೆಲಸ ಮಾಡಿದಲ್ಲೆಲ್ಲ ಕರಗದ ಕಂದು ಬಣ್ಣ ಕೂರುತ್ತದೆ: ಹುರುಪಿನ ಜಾಗದಲ್ಲಿ ಕಡುಗಂದು, ಮಂಕಾದಲ್ಲಿ ತಿಳಿ.

ಮೀಸೆಗೊಂದು ಪೀಪಾಯಿ

ಇಲಿಯ ಮೀಸೆ ಎದುರಿನ ಬದಿಯ ಕಾರ್ಟೆಕ್ಸಿನ (ಮೆದುಳಿನ ಹೊರಭಾಗದ) ನಾಲ್ಕನೇ ಪದರದಲ್ಲಿ ಅಚ್ಚೊತ್ತಿದಂತೆ ಇರುತ್ತದೆ. ಮೂತಿಯ ಮೇಲೆ ಐದು ಸಾಲು ಉದ್ದ ಮೀಸೆ, ಅಲ್ಲಿಯೂ ಐದು ಸಾಲು ಕೋಶಗುಚ್ಛ, ಒಂದೊಂದು ಮೀಸೆಗೂ ಒಂದೊಂದು. 1970ರಲ್ಲಿ ಥಾಮಸ್ ವೂಲ್ಸಿ ಮತ್ತು ಹೆಂಡ್ರಿಕ್ ವಾನ್ ಡರ್ ಲೂಸ್ ಇವನ್ನು ಚುಂಡಿಲಿಯಲ್ಲಿ ವಿವರಿಸಿ ‘ಬ್ಯಾರೆಲ್’, ಅಂದರೆ ಪೀಪಾಯಿ, ಎಂದರು. ಕಿಣ್ವದ ಬಣ್ಣದಲ್ಲಿ ಅವು ತಿಳಿ ಹಿನ್ನೆಲೆಯ ಮೇಲೆ ಕಂದು ಬಿಲ್ಲೆಗಳಾಗಿ ಎದ್ದು ಕಾಣುತ್ತವೆ.

ಬ್ಯಾರೆಲ್‌ಗಳು ಹುಟ್ಟಿನಲ್ಲೇ ಇರುವುದಿಲ್ಲ, ಮೊದಲ ವಾರದಲ್ಲಿ ಮೂಡುತ್ತವೆ. ಅದಕ್ಕೂ ಮುಂಚೆ ಮೀಸೆಯ ಒಂದು ಸಾಲನ್ನು ಬೇರುಸಹಿತ ನಾಶಮಾಡಿದರೆ ಆ ಸಾಲಿನ ಬ್ಯಾರೆಲ್‌ಗಳು ಬಿಡಿಬಿಡಿಯಾಗದೆ ಕಿರಿದಾದ ಪಟ್ಟಿಯಾಗಿ ಉಳಿಯುತ್ತವೆ, ಪಕ್ಕದವು ಹಿಗ್ಗುತ್ತವೆ. ಅದೇ ಗಾಯ ದೊಡ್ಡ ಇಲಿಗಾದರೆ ನಕ್ಷೆ ಕದಲುವುದಿಲ್ಲ, ಆಯಾ ಬ್ಯಾರೆಲ್‌ಗಳ ಕಂದು ಮಾತ್ರ ಮಂಕಾಗುತ್ತದೆ. ವಾಂಗ್-ರೈಲಿ ಮತ್ತು ಕ್ಯಾರಲ್ ವೆಲ್ಟ್ 1980ರಲ್ಲಿ ಎಳೆಯ, ಬೆಳೆದ ಚುಂಡಿಲಿಗಳೆರಡರಲ್ಲೂ ಈ ಕಿಣ್ವದ ಬದಲಾವಣೆ ತೋರಿಸಿದರು. ಒಂದೇ ಪೆಟ್ಟು ಎಳವೆಯಲ್ಲಿ ರಚನೆಯನ್ನೇ ಬದಲಿಸುತ್ತದೆ, ಬೆಳೆದ ಮೇಲೆ ದುಡಿಮೆಯನ್ನಷ್ಟೇ ಕುಗ್ಗಿಸುತ್ತದೆ. ನನ್ನ ಮಟ್ಟಿಗೆ ಈ ಇಡೀ ಸಂಶೋಧನೆಯ ತಿರುಳು ಇದೇ.

ಹನ್ನೆರಡನೇ ದಿನ

ವಾಂಗ್-ರೈಲಿ ಮುಂದೆ ಇಲಿಮರಿಗಳ ಮೆದುಳುಕಾಂಡದಲ್ಲಿ ಉಸಿರಾಟವನ್ನು ನಿಯಂತ್ರಿಸುವ ನರಕೋಶಗಳತ್ತ ತಿರುಗಿದರು. ಅಲ್ಲಿ ವಯಸ್ಸಿನೊಂದಿಗೆ ಏರುವ ಕಿಣ್ವ ಹುಟ್ಟಿದ 12ನೇ ದಿನದ ಹೊತ್ತಿಗೆ ಇದ್ದಕ್ಕಿದ್ದಂತೆ ಇಳಿಯುತ್ತದೆ. ಅದೇ ವೇಳೆಗೆ ಉದ್ದೀಪಿಸುವ ರಾಸಾಯನಿಕ ಸಂಕೇತಗಳು ತಗ್ಗಿ, ತಡೆಯುವವು ಮೇಲುಗೈ ಪಡೆಯುತ್ತವೆ. ಹಸುಗೂಸುಗಳು ನಿದ್ದೆಯಲ್ಲೇ ಕಾರಣ ತಿಳಿಯದೆ ಸಾಯುವ ಪ್ರಕರಣಗಳ ಹಿಂದೆ ಇಂಥದೇ ದುರ್ಬಲ ಘಟ್ಟವಿರಬಹುದೆಂಬ ಊಹೆ ಇದರಿಂದ ಹುಟ್ಟಿತು. ಇಲಿಯ ದಿನಗಳನ್ನು ಮಗುವಿನ ತಿಂಗಳುಗಳಿಗೆ ನೇರವಾಗಿ ಹೊಂದಿಸಲಾಗದು. ಆದರೂ ಶಿಶುವೈದ್ಯರು ಕಿವಿಗೊಡಬೇಕಾದ ಊಹೆ ಇದು.